ಮುರಕಲ್ಲಿನ ಬಾವಿಯ ನೀರಿಗೆ ಎಂತಹ ಗೀಸರ್ ಬಾಳಿಕೆ ಬರುತ್ತದೆ?

ಪ್ರಶ್ನೆ: ಪೆರ್ಲದ ಕೃಷಿಕ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿದೆ. ಹೊಸ ಮನೆಯ ಒಕ್ಕಲಿನ ಕಾಲಕ್ಕೆ ಕೂರಿಸಿದ 25 ಲೀಟರಿನ ಗೀಸರ್ ಈ ಮಳೆಗಾಲದಿಂದ ಕೆಳಭಾಗದಲ್ಲಿ ನೀರು ಒಸರತೊಡಗಿದೆ. ಬೆಳಿಗ್ಗೆ ಮೊದಲು ಬರುವ ಬಿಸಿನೀರು ಕಂದು ಬಣ್ಣದ್ದಾಗಿರುತ್ತದೆ. ನೋಡಲು ಬಂದ ಮೆಕ್ಯಾನಿಕ್ ಕೆಳಗಿನ ಮುಚ್ಚಳವನ್ನೂ ಬಿಚ್ಚದೆ, ಟ್ಯಾಂಕು ಹೋಗಿದೆ, ಹೊಸದನ್ನು ತೆಗೆದುಕೊಳ್ಳಿ ಎಂದು ಹೇಳಿ ಹೋದರು. ಬೆಂಗಳೂರಿನಲ್ಲಿರುವ ತಮ್ಮ, ಗಡಸು ನೀರಿನಿಂದ ಒಳಗೆ ಸುಣ್ಣ ಕಟ್ಟಿರಬೇಕು, ಮೊದಲು ನೀರನ್ನು ಮೃದುಗೊಳಿಸುವ ಸಾಫ್ಟನರ್ ಹಾಕಿಸು ಎನ್ನುತ್ತಾನೆ.

ನಮ್ಮದು ಮುರಕಲ್ಲು (ಜಂಬಿಟ್ಟಿಗೆ, ಲ್ಯಾಟರೈಟ್) ಕಡಿದು ತೋಡಿದ ಬಾವಿಯ ನೀರು. ಅದನ್ನು ಗುಡ್ಡದ ಮೇಲಿನ ಟಾಂಕಿಗೆ ಏರಿಸಿ, ಅಲ್ಲಿಂದ ತೋಟಕ್ಕೂ ಮನೆಗೂ ಒಂದೇ ಪೈಪಿನಲ್ಲಿ ಇಳಿಸಿದ್ದೇವೆ. ಮನೆಯಲ್ಲಿ ಐದು ಮಂದಿ. ಅಪ್ಪ ಅಮ್ಮ ವಯಸ್ಸಾದವರು. ಹಳೆಯ ಬಚ್ಚಲಿನಲ್ಲಿ ತಾಮ್ರದ ಹಂಡೆ ಈಗಲೂ ಇದೆ, ಆದರೆ ಹೊಗೆಯಿಂದ ಅಮ್ಮನಿಗೆ ಕೆಮ್ಮು ಬರುತ್ತದೆ. ಈ ಗೀಸರನ್ನು ದುರಸ್ತಿ ಮಾಡಿಸುವುದೇ, ಬದಲಿಸುವುದೇ, ಅಥವಾ ಸೋಲಾರ್ ಹಾಕಿಸುವುದೇ ಎಂದು ಅನುಭವವಿದ್ದವರು ತಿಳಿಸಬೇಕಾಗಿ ವಿನಂತಿ.

ಉತ್ತರ: ಬದಿಯಡ್ಕದ ವಿದ್ಯುತ್ ಕೆಲಸಗಾರ

ಎಲ್ಲಿಂದ ಒಸರುತ್ತದೆ ಎಂಬುದನ್ನು ಕಣ್ಣಾರೆ ನೋಡದೆ ಟ್ಯಾಂಕು ಹೋಗಿದೆ ಎಂದು ಹೇಳುವುದು ಸರಿಯಲ್ಲ. ಗೀಸರಿನ ಕೆಳಗೆ ನೀರು ಕಾಣಿಸಿಕೊಳ್ಳಲು ಮುಖ್ಯವಾಗಿ ಮೂರು ಕಾರಣಗಳಿವೆ, ಅವುಗಳಲ್ಲಿ ಎರಡಕ್ಕೆ ಹೆಚ್ಚು ಖರ್ಚಿಲ್ಲ. ತಣ್ಣೀರಿನ ಪೈಪಿಗೆ ಜೋಡಿಸಿದ ಸುರಕ್ಷತಾ ವಾಲ್ವಿನಿಂದ, ನೀರು ಕಾಯುವ ಹೊತ್ತಿನಲ್ಲಿ ಮಾತ್ರ ಹನಿ ಬೀಳುತ್ತಿದ್ದರೆ ಅದು ದೋಷವೇ ಅಲ್ಲ. ನೀರು ಕಾದಾಗ ಹಿಗ್ಗುತ್ತದೆ. 25 ಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಏರಿದರೆ ಸುಮಾರು 350 ಮಿಲಿಲೀಟರಿನಷ್ಟು ಹೆಚ್ಚಾಗುತ್ತದೆ, ಹಿಂದಕ್ಕೆ ಹೋಗಲು ದಾರಿಯಿಲ್ಲದಿದ್ದಾಗ ಆ ನೀರು ವಾಲ್ವಿನ ಮೂಲಕವೇ ಹೊರಬರಬೇಕು. ಹನಿ ನಿಲ್ಲಲಿ ಎಂದು ಆ ತೂತಿಗೆ ಎಂ-ಸೀಲ್ ಮೆತ್ತಿದ ಮನೆಗಳನ್ನು ನಾನು ಕಂಡಿದ್ದೇನೆ. ಬಿಸಿ ಮಿತಿಮೀರದಂತೆ ತಡೆಯುವ ಥರ್ಮೋಸ್ಟಾಟ್ ಕೈಕೊಟ್ಟ ದಿನ ಅಂತಹ ಟ್ಯಾಂಕು ಸಿಡಿಯಬಹುದು. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಇಡೀ ದಿನ ಒಸರುತ್ತಿದ್ದರೆ ನೀರು ಕಾಯಿಸುವ ಎಲಿಮೆಂಟನ್ನು ಹಿಡಿದಿರುವ ಫ್ಲೇಂಜ್ ಎಂಬ ಬಿಲ್ಲೆಯ ರಬ್ಬರ್ ಗ್ಯಾಸ್ಕೆಟ್ ಗಟ್ಟಿಯಾಗಿರಬಹುದು. ಮೇನ್ ಸ್ವಿಚ್ ಆರಿಸಿ, ತಣ್ಣೀರಿನ ವಾಲ್ವು ಮುಚ್ಚಿ, ಕೆಳಗಿನ ಪ್ಲಾಸ್ಟಿಕ್ ಮುಚ್ಚಳ ಬಿಚ್ಚಿ ಟಾರ್ಚ್ ಹಾಕಿ ನೋಡಿದರೆ ನೀರಿನ ಜಾಡು ಗೊತ್ತಾಗುತ್ತದೆ. ಫ್ಲೇಂಜಿನ ಅಂಚು ಒದ್ದೆಯಿದ್ದರೆ ಗ್ಯಾಸ್ಕೆಟ್. ಅಂಚು ಒಣಗಿದ್ದು, ಹೊರಕವಚಕ್ಕೂ ಟ್ಯಾಂಕಿಗೂ ನಡುವಿನ ಫೋಮಿನಿಂದ ತುಕ್ಕಿನ ನೀರು ಇಳಿಯುತ್ತಿದ್ದರೆ ಮಾತ್ರ ಟ್ಯಾಂಕು. ತೂತಾದ ಟ್ಯಾಂಕಿಗೆ ಬೆಸುಗೆ ಹಾಕಿಸುವುದರಿಂದ ಪ್ರಯೋಜನವಿಲ್ಲ, ಬೆಸುಗೆಯ ಬಿಸಿಗೆ ಒಳಗಿನ ಗಾಜಿನ ಲೇಪ ಎದ್ದುಹೋಗುತ್ತದೆ.

ಫ್ಲೇಂಜು ಬಿಚ್ಚಿಸಿದಾಗ ಎಲಿಮೆಂಟಿನ ಪಕ್ಕದಲ್ಲೇ ಇರುವ ಇನ್ನೊಂದು ಸರಳನ್ನೂ ನೋಡಿ. ಅದು ಮೆಗ್ನೀಸಿಯಂ ಆನೋಡ್. ಟ್ಯಾಂಕಿನ ಉಕ್ಕು ಸವೆಯುವ ಬದಲು ತಾನು ಸವೆಯಲೆಂದೇ ಅದನ್ನು ಇಟ್ಟಿರುತ್ತಾರೆ. ಗಾಜಿನ ಲೇಪದಲ್ಲಿ ಕಣ್ಣಿಗೆ ಕಾಣದ ಬಿರುಕುಗಳು ಇದ್ದೇ ಇರುತ್ತವೆ, ಆನೋಡ್ ಇರುವವರೆಗೆ ಅಲ್ಲಿ ತುಕ್ಕು ಹಿಡಿಯುವುದಿಲ್ಲ. ಅದು ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಬದಲಿಸಬೇಕು. ನಮ್ಮ ಊರಿನಲ್ಲಿ ಎಲಿಮೆಂಟ್ ಸುಟ್ಟಾಗ ಮಾತ್ರ ಗೀಸರ್ ಬಿಚ್ಚುವ ರೂಢಿ. ಆ ಹೊತ್ತಿಗೆ ಆನೋಡಿನ ಜಾಗದಲ್ಲಿ ಒಂದು ಬರಿ ತಂತಿ ಉಳಿದಿರುತ್ತದೆ.

ಉತ್ತರ: ಕುಂಬಳೆಯ ರಸಾಯನಶಾಸ್ತ್ರದ ಅಧ್ಯಾಪಕ

ನಿಮ್ಮ ತಮ್ಮನವರು ಹೇಳಿದ್ದು ಬೆಂಗಳೂರಿನ ಕೊಳವೆಬಾವಿಗಳ ಮಟ್ಟಿಗೆ ಸರಿ. ಅಲ್ಲಿನ ನೀರು ಗಡಸು, ಎಲಿಮೆಂಟಿನ ಮೇಲೆ ಬಿಳಿ ಸುಣ್ಣ ದಪ್ಪವಾಗಿ ಕಟ್ಟುತ್ತದೆ. ನಮ್ಮ ಮುರಕಲ್ಲಿನ ಗುಡ್ಡಗಳ ಕಥೆ ಇದಕ್ಕೆ ತದ್ವಿರುದ್ಧವಾದುದು. ಯುಗಯುಗಗಳ ಮಳೆಗೆ ಸುಣ್ಣದ ಅಂಶವೆಲ್ಲ ತೊಳೆದುಹೋಗಿ, ಕಬ್ಬಿಣ ಮತ್ತು ಅಲ್ಯುಮಿನಿಯಂ ಆಕ್ಸೈಡುಗಳು ಉಳಿದುದರಿಂದಲೇ ಮುರಕಲ್ಲು ಉಂಟಾದುದು. ಇಂದಿನ ಮಳೆನೀರು ಮಣ್ಣಿನಲ್ಲಿ ಇಂಗುವಾಗ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲವಾಗುತ್ತದೆ, ಅದನ್ನು ತಟಸ್ಥಗೊಳಿಸಲು ಬೇಕಾದ ಸುಣ್ಣ ದಾರಿಯಲ್ಲಿ ಎಲ್ಲಿಯೂ ಸಿಗುವುದಿಲ್ಲ. ಆದ್ದರಿಂದ ನಮ್ಮ ಬಾವಿ ಮತ್ತು ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳ ನೀರು ಮೃದುವಾಗಿಯೂ ಆಮ್ಲೀಯವಾಗಿಯೂ ಇರುವುದು ಸಾಮಾನ್ಯ. ಕುಡಿಯುವ ನೀರಿನ ಭಾರತೀಯ ಮಾನಕವು ಪಿಎಚ್ (7ಕ್ಕಿಂತ ಕಡಿಮೆಯಾದಷ್ಟೂ ನೀರು ಹೆಚ್ಚು ಆಮ್ಲೀಯ ಎಂದು ತೋರಿಸುವ ಅಳತೆ) 6.5ರಿಂದ 8.5ರ ನಡುವೆ ಇರಬೇಕೆನ್ನುತ್ತದೆ. ಮುರಕಲ್ಲಿನ ಬಾವಿಗಳಲ್ಲಿ ಅದು 6ಕ್ಕಿಂತಲೂ ಕೆಳಗಿರುವುದುಂಟು.

ಇಂತಹ ನೀರು ಸುಣ್ಣ ಕಟ್ಟುವುದಿಲ್ಲ, ಲೋಹವನ್ನೇ ತಿನ್ನುತ್ತದೆ. ಸಾಫ್ಟನರ್ ಎಂಬ ಯಂತ್ರ ಕ್ಯಾಲ್ಸಿಯಂ ತೆಗೆದು ಸೋಡಿಯಂ ಸೇರಿಸುತ್ತದೆಯೇ ಹೊರತು ಆಮ್ಲೀಯತೆಯನ್ನು ಮುಟ್ಟುವುದಿಲ್ಲ. ನಿಮಗೆ ಅದರ ಹಣ ದಂಡ. ಅಂಗಡಿಯವರು ಟಿಡಿಎಸ್ ಮೀಟರ್ ಅದ್ದಿ, ಅಂಕಿ ಕಡಿಮೆಯಿದೆ, ನೀರು ಚಿನ್ನದಂತಿದೆ ಎಂದರೆ ನಂಬಬೇಡಿ. ಟಿಡಿಎಸ್ ಕರಗಿದ ಲವಣಗಳ ಪ್ರಮಾಣವನ್ನು ತೋರಿಸುತ್ತದೆ, ಪಿಎಚ್ ತೋರಿಸುವುದಿಲ್ಲ. ಹಿತ್ತಾಳೆಯ ನಳ್ಳಿಯ ಕೆಳಗೆ ಬಿಳಿ ಬೇಸಿನ್ನಿನಲ್ಲಿ ಹಸಿರು-ನೀಲಿ ಕಲೆ ಬೀಳುತ್ತಿದ್ದರೆ ಅದು ಕರಗಿ ಬಂದ ತಾಮ್ರದ ಗುರುತು. ಕೇರಳ ಜಲ ಪ್ರಾಧಿಕಾರದ ಪ್ರಯೋಗಾಲಯದಲ್ಲಿ ನೀರನ್ನು ಪರೀಕ್ಷಿಸಿಕೊಡುತ್ತಾರೆ. ಬಾಟಲಿಯಲ್ಲಿ ಗಾಳಿಗೆ ಎಡೆಯಿಲ್ಲದಂತೆ ಕಂಠಪೂರ್ತಿ ತುಂಬಿಸಿ ಅಂದೇ ಒಯ್ಯಿರಿ. ತಡವಾದರೆ ಅನಿಲ ಹೊರಹೋಗಿ ಪಿಎಚ್ ಇದ್ದುದಕ್ಕಿಂತ ಹೆಚ್ಚು ಕಾಣಿಸುತ್ತದೆ.

ಕಂದು ಬಣ್ಣದ ಬಗ್ಗೆ ಒಂದು ಮಾತು. ತಣ್ಣೀರಿನ ನಳ್ಳಿಯಿಂದ ಒಂದು ಬಿಳಿ ಪಾತ್ರೆಗೂ, ಬಿಸಿನೀರಿನ ನಳ್ಳಿಯಿಂದ ಇನ್ನೊಂದಕ್ಕೂ ಹಿಡಿದು ಅಕ್ಕಪಕ್ಕದಲ್ಲಿಡಿ. ಎರಡೂ ಕಂದಾಗಿದ್ದರೆ ಬಾವಿಯ ಕಬ್ಬಿಣ, ಬಿಸಿನೀರು ಮಾತ್ರ ಕಂದಾಗಿದ್ದರೆ ಟ್ಯಾಂಕಿನ ತುಕ್ಕು.

ಉತ್ತರ: ಮಂಜೇಶ್ವರದ ಗೃಹಿಣಿ

ಅಧ್ಯಾಪಕರ ಮಾತಿಗೆ ಕಡಲ ಬದಿಯವರ ಪರವಾಗಿ ಒಂದು ತಿದ್ದುಪಡಿ ಸೇರಿಸುತ್ತೇನೆ. ನಮ್ಮ ಹೊಯಿಗೆಯ (ಮರಳಿನ) ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪುನೀರು ಸೇರುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗೆ ಸಾವೇ ಇಲ್ಲ ಎಂದು ಹೇಳಿ ಅಂಗಡಿಯವರು ಕೊಟ್ಟ ಟ್ಯಾಂಕು ನಮ್ಮಲ್ಲಿ ಬೆಸುಗೆಯ ಗೆರೆಯ ಉದ್ದಕ್ಕೂ ಸೂಜಿಮೊನೆಯಂಥ ತೂತುಗಳಾಗಿ ಹಾಳಾಯಿತು. ಉಪ್ಪಿನ ಕ್ಲೋರೈಡ್ ಆ ಉಕ್ಕನ್ನು ಚುಚ್ಚಿ ತಿನ್ನುತ್ತದೆ ಎಂದು ಆಮೇಲೆ ತಿಳಿಯಿತು. ಈಗ ಗಾಜಿನ ಲೇಪದ ಟ್ಯಾಂಕು ಇದೆ, ಉಪ್ಪುನೀರಿನಲ್ಲಿ ಆನೋಡ್ ಬೇಗ ಕರಗುವುದರಿಂದ ಪ್ರತಿವರ್ಷ ಬಿಚ್ಚಿಸಿ ನೋಡುತ್ತೇವೆ. ಪೆರ್ಲದವರಿಗೆ ಈ ತೊಂದರೆ ಇರಲಾರದು.

ಉತ್ತರ: ಮುಳ್ಳೇರಿಯದ ಸೋಲಾರ್ ಬಳಕೆದಾರ

ಸೋಲಾರ್ ಖಂಡಿತ ಒಳ್ಳೆಯದು, ಆದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ಅದನ್ನು ನಂಬಿ ಕೂರಲಾಗದು. ವಯಸ್ಸಾದವರಿಗೆ ಬಿಸಿನೀರು ಹೆಚ್ಚು ಬೇಕಾಗುವುದು ಆ ತಿಂಗಳುಗಳಲ್ಲಿಯೇ. ಐದು ಮಂದಿಗೆ 200 ಲೀಟರಿನದ್ದು ಬೇಕು, ಜೊತೆಗೆ ವಿದ್ಯುತ್ ಎಲಿಮೆಂಟೂ ಇರಬೇಕು. ಬಾವಿನೀರು ನೇರವಾಗಿ ತಾಮ್ರದ ಕೊಳವೆಗಳಲ್ಲಿ ಹರಿಯುವ ಫ್ಲಾಟ್ ಪ್ಲೇಟ್ ಮಾದರಿಯನ್ನು ಆಮ್ಲೀಯ ನೀರಿಗೆ ತೆಗೆದುಕೊಳ್ಳಬೇಡಿ. ಬಾವಿನೀರು ಆ ಕೊಳವೆಗಳಿಗೆ ಹೋಗದೆ, ಬೇರೆ ದ್ರವದ ಮೂಲಕ ಬಿಸಿಯಾಗುವ ಹೀಟ್ ಎಕ್ಸ್‌ಚೇಂಜರ್ ಇರುವುದನ್ನು ಕೇಳಿ ಪಡೆಯಿರಿ. ಗಾಜಿನ ಕೊಳವೆಗಳ ಮಾದರಿಯಾದರೆ, ಮೇಲೆ ತೆಂಗಿನ ಮರ ಬಾಗಿಲ್ಲದ ಜಾಗವನ್ನೇ ಆರಿಸಿ.

ವಿದ್ಯುತ್ ಬಿಲ್ಲಿನ ಲೆಕ್ಕವನ್ನೂ ನೋಡಿ. 25 ಲೀಟರ್ ಒಮ್ಮೆ ಪೂರ್ತಿ ಕಾಯಲು ಸುಮಾರು ಒಂದು ಯೂನಿಟ್ ಬೇಕು. ಕೆ.ಎಸ್.ಇ.ಬಿ.ಯ (ಕೇರಳ ವಿದ್ಯುತ್ ಮಂಡಳಿಯ) ದರಪಟ್ಟಿಯಲ್ಲಿ ತಿಂಗಳಿಗೆ 250 ಯೂನಿಟ್ ದಾಟಿದರೆ ಮೊದಲ ಯೂನಿಟ್‌ನಿಂದಲೇ ಹೆಚ್ಚಿನ ದರ ಬೀಳುತ್ತದೆ. ಎರಡು ತಿಂಗಳ ಬಿಲ್ಲು 500 ಯೂನಿಟಿನ ಹತ್ತಿರ ಬರುವ ಮನೆಯಾಗಿದ್ದರೆ ಗೀಸರೊಂದೇ ಆ ಗೆರೆ ದಾಟಿಸಬಹುದು. ಹಂಡೆಯನ್ನು ಮಾತ್ರ ಕಿತ್ತುಹಾಕಬೇಡಿ. ಅಡಿಕೆ ಸಿಪ್ಪೆ, ಕೊತ್ತಳಿಗೆ (ತೆಂಗಿನ ಗರಿಯ ಬುಡ) ತೋಟದಲ್ಲೇ ಇರುವಾಗ, ಒಲೆಗೆ ಎತ್ತರದ ಹೊಗೆಗೂಡು ಕಟ್ಟಿಸಿದರೆ ಅಮ್ಮನವರ ಕೆಮ್ಮಿಗೂ ಪರಿಹಾರ ಸಿಗುತ್ತದೆ.

ಮರುಪ್ರಶ್ನೆ: ಪೆರ್ಲದ ಕೃಷಿಕ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ಬೇರೆ ಮೆಕ್ಯಾನಿಕನ್ನು ಕರೆಸಿ ಬಿಚ್ಚಿಸಿದೆವು. ಫ್ಲೇಂಜಿನ ಅಂಚು ಒಣಗಿತ್ತು, ಒದ್ದೆಯಾದ ಫೋಮು ಮುಟ್ಟಿದರೆ ಕೆಂಪು ನೀರು ಇಳಿಯುತ್ತಿತ್ತು. ಆನೋಡಿನ ಜಾಗದಲ್ಲಿ ಬದಿಯಡ್ಕದ ಅಣ್ಣನವರು ಬರೆದಂತೆ ತಂತಿ ಮಾತ್ರ ಇತ್ತು. ಎಲಿಮೆಂಟಿನ ಮೇಲೆ ಸುಣ್ಣದ ಸುಳಿವೇ ಇರಲಿಲ್ಲ. ನೀರಿನ ಪಿಎಚ್ 5.8 ಎಂದು ವರದಿ ಬಂದಿದೆ, ಕ್ಲೋರೈಡ್ ತೀರಾ ಕಡಿಮೆ. ಸದ್ಯಕ್ಕೆ ಗೀಸರನ್ನೇ ಬದಲಿಸಿ, ಸೋಲಾರನ್ನು ಮುಂದಿನ ಬೇಸಗೆಗೆ ನೋಡೋಣ ಎಂದು ಮನೆಯಲ್ಲಿ ತೀರ್ಮಾನವಾಗಿದೆ. ಯಾವ ಟ್ಯಾಂಕು ಆರಿಸಲಿ, ಕೂರಿಸುವಾಗ ಏನನ್ನು ಗಮನಿಸಲಿ?

ಉತ್ತರ: ಬದಿಯಡ್ಕದ ವಿದ್ಯುತ್ ಕೆಲಸಗಾರ

ಈ ವರದಿಯ ಮೇಲೆ ಹೇಳುವುದಾದರೆ ತಾಮ್ರದ ಟ್ಯಾಂಕು ಬೇಡ. ಕ್ಲೋರೈಡ್ ಕಡಿಮೆ ಇರುವುದರಿಂದ ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲ್ ನಿಮ್ಮಲ್ಲಿ ಬಾಳಿಕೆ ಬರುತ್ತದೆ. ವರ್ಷಕ್ಕೊಮ್ಮೆ ಆನೋಡ್ ನೋಡಿಸುತ್ತೇನೆ ಎಂಬ ನಿಶ್ಚಯವಿದ್ದರೆ ಗಾಜಿನ ಲೇಪದ್ದೂ ಆಗಬಹುದು. ವಿದ್ಯುತ್ ಉಳಿತಾಯದ ಗುರುತಾದ ಬಿಇಇ ನಕ್ಷತ್ರಗಳು ಹೆಚ್ಚಿದ್ದಷ್ಟೂ ಬಳಸದೆ ಇಟ್ಟ ನೀರು ನಿಧಾನವಾಗಿ ತಣಿಯುತ್ತದೆ. ಗಾತ್ರ 25 ಲೀಟರ್ ಇರಲಿ; 60 ಡಿಗ್ರಿಗೆ ಕಾಯಿಸಿ ತಣ್ಣೀರು ಬೆರೆಸಿದರೆ ಹದವಾದ ನೀರು ಸುಮಾರು 50 ಲೀಟರಿನಷ್ಟು ಸಿಗುತ್ತದೆ, ಇಬ್ಬರ ಸ್ನಾನಕ್ಕೆ ಧಾರಾಳ. ನಳ್ಳಿಯ ನೀರು ಬಿಸಿ ಹೆಚ್ಚಾಯಿತೆಂದು ಥರ್ಮೋಸ್ಟಾಟನ್ನು ತೀರಾ ತಗ್ಗಿಸುವುದು ಒಳ್ಳೆಯದಲ್ಲ. ಉಗುರುಬೆಚ್ಚಗಿನ ಟ್ಯಾಂಕಿನಲ್ಲಿ ರೋಗಾಣುಗಳು ಬೆಳೆಯುತ್ತವೆ. ಹಿರಿಯರಿಗೆ ಬಕೆಟಿನಲ್ಲಿ ತಣ್ಣೀರು ಮೊದಲು ಹಿಡಿದು ಬಿಸಿನೀರು ಬೆರೆಸಿಕೊಡಿ.

ಗುಡ್ಡದ ಮೇಲಿನ ಟಾಂಕಿಯ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ತೋರುತ್ತದೆ. ಪ್ರತಿ ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡ ಏರುತ್ತದೆ. ತಾರಸಿಯ ಟಾಂಕಿಯಾದರೆ ಒಂದು ಬಾರ್ ಕೂಡ ಆಗುವುದಿಲ್ಲ, ಆದರೆ ಗುಡ್ಡದ ನೆತ್ತಿಯಿಂದ 60 ಮೀಟರ್ ಇಳಿದು ಬರುವ ಪೈಪಿನಲ್ಲಿ ಆರು ಬಾರ್ ಇರುತ್ತದೆ. ತೋಟದ ಸ್ಪ್ರಿಂಕ್ಲರ್ ವಾಲ್ವನ್ನು ಥಟ್ಟನೆ ಮುಚ್ಚಿದರೆ ಅದರ ಹೊಡೆತವೂ ಗೀಸರಿಗೇ ಬೀಳುತ್ತದೆ. ಆದುದರಿಂದ ಮನೆಯ ತಾರಸಿಯಲ್ಲಿ ಫ್ಲೋಟ್ ವಾಲ್ವ್ ಇರುವ ಸಣ್ಣ ಟಾಂಕಿಯೊಂದನ್ನಿಟ್ಟು, ಗುಡ್ಡದ ನೀರನ್ನು ಅದಕ್ಕೆ ಬಿಟ್ಟು, ಗೀಸರಿಗೆ ಅಲ್ಲಿಂದ ಸಂಪರ್ಕ ಕೊಡಿ.

ವಿದ್ಯುತ್ತಿಗೆ 16 ಆಂಪಿಯರಿನ ಪ್ರತ್ಯೇಕ ಪಾಯಿಂಟ್, 2.5 ಚದರ ಮಿಲಿಮೀಟರಿಗಿಂತ ತೆಳುವಲ್ಲದ ತಾಮ್ರದ ತಂತಿ, ವಿದ್ಯುತ್ ಸೋರಿದರೆ ತಾನೇ ಕಡಿತಗೊಳಿಸುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು. ಮುರಕಲ್ಲಿನ ನೆಲ ಬೇಸಗೆಯಲ್ಲಿ ಒಣಗಿದಾಗ ಅರ್ಥಿಂಗ್ ದುರ್ಬಲವಾಗುತ್ತದೆ, ಅರ್ಥಿಂಗಿನ ಗುಂಡಿಗೆ ಆಗಾಗ ನೀರು ಹೊಯ್ಯಿರಿ. ಬಿಸಿನೀರಿನ ನಳ್ಳಿಯಿಂದ ನೀರು ಧಾರೆಯಾಗಿ ಬಂದ ಮೇಲಷ್ಟೇ ಸ್ವಿಚ್ ಹಾಕಬೇಕು; ಖಾಲಿ ಟ್ಯಾಂಕಿನಲ್ಲಿ ಎಲಿಮೆಂಟ್ ನಿಮಿಷಗಳಲ್ಲೇ ಸುಡುತ್ತದೆ.

ಇನ್ನು ಗೋಡೆ. ನೀರು ತುಂಬಿದ 25 ಲೀಟರಿನ ಗೀಸರ್ 35 ಕಿಲೋ ದಾಟುತ್ತದೆ. ಮುರಕಲ್ಲಿನ ಗೋಡೆಗೆ ಡ್ರಿಲ್ ಹಾಕಿ ಬಡಿದ ಸಾಮಾನ್ಯ ಬೋಲ್ಟು ಸಡಿಲಾಗುವುದು ಬೇಗ. ಕಲ್ಲನ್ನು ಕೈಯಗಲ ಕಡಿಸಿ, ಕಾಂಕ್ರೀಟಿನಲ್ಲಿ ಬೋಲ್ಟು ಹೂತು, ಕ್ಯೂರಿಂಗ್ ಆಗಲು ವಾರ ಬಿಟ್ಟು ಗೀಸರ್ ತೂಗುಹಾಕಿಸಿ. ಅಷ್ಟು ದಿನ ಹಂಡೆಯ ನೀರೇ ಇರಲಿ.