ಕೂದಲು ಬುಡ ಸಮೇತ ಬರ್ತಿದೆ, ನನಗೂ ತಮ್ಮನಿಗೂ ಒಂದೇ ಔಷಧಿ ಸಾಕಾ?

ಬೆಳದಿಂಗಳು:

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ವಿಪರೀತ ಕೂದಲು ಉದುರ್ತಿದೆ. ತಲೆಗೆ ಸ್ನಾನ ಮಾಡಿದ ದಿನ ಬಚ್ಚಲ ಜಾಲರಿ ಮೇಲೆ ಒಂದು ಮುಷ್ಟಿ, ಬಾಚಿದ್ರೆ ಬಾಚಣಿಗೆ ತುಂಬ, ದಿಂಬಿನ ಮೇಲೆ ಬೇರೆ. ಎಲ್ಲಕ್ಕಿಂತ ಭಯ ಆಗೋದು ಏನಂದ್ರೆ ಒಂದೊಂದು ಕೂದಲಿನ ತುದೀಲೂ ಸಣ್ಣ ಬಿಳಿ ಗಂಟು ಇರುತ್ತೆ, ಅಂದ್ರೆ ಬುಡ ಸಮೇತ ಕಿತ್ತು ಬರ್ತಿದೆ, ಆ ಜಾಗದಲ್ಲಿ ಮತ್ತೆ ಹುಟ್ಟಲ್ಲ ಅಂತಾನೇ ಅಲ್ವಾ? ನನಗೆ 29 ವರ್ಷ. ಹೊಟ್ಟು ಇಲ್ಲ, ನವೆ ಇಲ್ಲ, ಶಾಂಪೂ ಕೂಡ ಬದಲಾಯಿಸಿಲ್ಲ. ಮೂರು ತಿಂಗಳ ಹಿಂದೆ ಜೋರು ಜ್ವರ ಬಂದು ಮಲಗಿಬಿಟ್ಟಿದ್ದೆ, ಆಮೇಲೆ ಚೆನ್ನಾಗೇ ಇದೀನಿ, ಹಾಗಾಗಿ ಅದಕ್ಕೂ ಇದಕ್ಕೂ ಸಂಬಂಧ ಇರಲಾರದು ಅನ್ಸುತ್ತೆ.

ಇನ್ನೊಂದು ವಿಷಯ, ನನ್ನ ತಮ್ಮನಿಗೆ 24, ಅವನಿಗೆ ಹೀಗೆ ರಾಶಿ ರಾಶಿ ಉದುರಲ್ಲ ಆದ್ರೆ ಹಣೆಯ ಎರಡೂ ಮೂಲೆ ಮೆಲ್ಲಗೆ ಹಿಂದಕ್ಕೆ ಹೋಗ್ತಿದೆ, ನೆತ್ತಿ ಹಿಂದೆ ಲೈಟ್ ಬಿದ್ರೆ ಚರ್ಮ ಕಾಣುತ್ತೆ. ಹೊರಗಡೆ ಹೋಗೋಕೇ ಮುಜುಗರ ಪಡ್ತಾನೆ ಪಾಪ. ಇಬ್ಬರಿಗೂ ಸೇರಿಸಿ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ತಗೊಂಡಿದ್ದೀನಿ, ಕೂದಲು ಬೆಳೆಸೋ ಔಷಧಿ ಮಿನಾಕ್ಸಿಡಿಲ್ ಕೂಡ ಇಬ್ಬರೂ ಹಚ್ಚಿ ಅಂತ ಗೊತ್ತಿರೋರು ಹೇಳ್ತಿದ್ದಾರೆ. ಒಂದೇ ಮನೆಯವರು, ಒಂದೇ ಕಾರಣ ಇರಬಹುದಾ? ತಿಳಿದವರು ದಯವಿಟ್ಟು ಹೇಳಿ.

ಚರ್ಮವೈದ್ಯೆ:

ಬೆಳದಿಂಗಳು ಅವರೇ, ಮೊದಲು ಆ ಬಿಳಿ ಗಂಟಿನ ವಿಷಯ ಹೇಳ್ತೀನಿ ಯಾಕಂದ್ರೆ ನನ್ನ ಹತ್ರ ಬರೋರಲ್ಲಿ ಎಷ್ಟೋ ಜನ ಕೂದಲನ್ನ ಕವರಲ್ಲಿ ಕಟ್ಕೊಂಡು ಬಂದು ಅದನ್ನೇ ತೋರಿಸಿ ಅಳ್ತಾರೆ. ಅದು ಬುಡ ಅಲ್ಲ. ಕೂದಲನ್ನ ಹುಟ್ಟಿಸೋ ಫಾಲಿಕಲ್ ಚರ್ಮದೊಳಗೇ ಇರುತ್ತೆ, ಬೆಳವಣಿಗೆ ಮುಗಿಸಿ ವಿಶ್ರಾಂತಿಗೆ ಹೋದ ಕೂದಲಿನ ಕೆಳಗಿನ ತುದಿ ಬಣ್ಣ ಕಳ್ಕೊಂಡು ಗುಂಡಗೆ ಗಟ್ಟಿಯಾಗುತ್ತೆ, ಅದೇ ನೀವು ನೋಡ್ತಿರೋದು. ಹಾಲುಹಲ್ಲು ಬಿದ್ದ ಹಾಗೆ ಅಂದ್ಕೊಳ್ಳಿ, ಅಲ್ಲೇ ಹೊಸದು ಬರುತ್ತೆ.

ಈಗ ಜ್ವರದ ವಿಷಯ. ಸಂಬಂಧ ಇರಲಾರದು ಅಂದ್ರಲ್ಲ, ನನಗೆ ಮೊದಲು ಅನುಮಾನ ಬರೋದೇ ಅದರ ಮೇಲೆ. ತಲೆಯಲ್ಲಿ ಸುಮಾರು 1 ಲಕ್ಷ ಕೂದಲಿರುತ್ತೆ, ಯಾವುದೇ ದಿನ ನೋಡಿದ್ರೂ 100ರಲ್ಲಿ 85-90 ಬೆಳೀತಾ ಇರುತ್ತೆ, ಆ ಹಂತ 2ರಿಂದ 6 ವರ್ಷದವರೆಗೆ ನಡೆಯುತ್ತೆ. ಆಮೇಲೆ ಎರಡು ಮೂರು ವಾರದ ಸಣ್ಣ ಹಂತ, ಅದಾದ್ಮೇಲೆ ಸುಮಾರು ಮೂರು ತಿಂಗಳು ವಿಶ್ರಾಂತಿ, ಆಮೇಲೆ ಉದುರುತ್ತೆ. ಹಾಗಾಗಿ ದಿನಕ್ಕೆ 50ರಿಂದ 100 ಉದುರೋದು ಮಾಮೂಲಿ. ಜೋರು ಜ್ವರ, ಆಪರೇಷನ್, ಹೆರಿಗೆ, ತುಂಬಾ ಕಡಿಮೆ ತಿಂದು ಬೇಗ ತೂಕ ಇಳಿಸೋದು, ಕೆಲವು ಮಾತ್ರೆಗಳು, ಇಂಥದ್ದೇನಾದ್ರೂ ಆದಾಗ ಬೆಳೀತಿದ್ದ ಕೂದಲುಗಳು ಗುಂಪಾಗಿ ಒಟ್ಟಿಗೇ ವಿಶ್ರಾಂತಿಗೆ ಹೋಗಿಬಿಡುತ್ತೆ. ಅವು ಉದುರೋದು ಅವತ್ತಲ್ಲ, ಎರಡು ಮೂರು ತಿಂಗಳು ಬಿಟ್ಟು, ಅಷ್ಟೊತ್ತಿಗೆ ಜ್ವರ ಮರೆತೇ ಹೋಗಿರುತ್ತೆ, ಜನ ಹೋದ ವಾರ ಬದಲಾಯಿಸಿದ ಶಾಂಪೂನೋ ನೀರನ್ನೋ ಬಯ್ತಿರ್ತಾರೆ. ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಅಂತಾರೆ. ಕಾರಣ ಕಳೆದಿದ್ರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನಾಗೇ ನಿಲ್ಲುತ್ತೆ, ಇದರಿಂದ ಪೂರ್ತಿ ಬೋಳಾಗೋದಿಲ್ಲ. ಆದ್ರೆ ಕೂದಲು ಬೆಳೆಯೋದು ತಿಂಗಳಿಗೆ ಒಂದು ಸೆಂಟಿಮೀಟರ್ ಆಸುಪಾಸು ಅಷ್ಟೇ, ಉದುರೋದು ನಿಂತ ಮೇಲೂ ಜಡೆ ಮೊದಲಿನಷ್ಟು ದಪ್ಪ ಆಗೋಕೆ ಒಂದು ವರ್ಷಕ್ಕಿಂತ ಜಾಸ್ತಿ ಹಿಡಿಯುತ್ತೆ, ಈ ಮಧ್ಯದ ಸಮಯದಲ್ಲೇ ಜನ ಧೈರ್ಯ ಕಳ್ಕೊಂಡು ಸಿಕ್ಕಿದ್ದೆಲ್ಲ ಹಚ್ಚೋದು.

ತಮ್ಮಂದು ಬೇರೆಯೇ ಕಥೆ. ನೀವು ಹೇಳಿದ ಜಾಗ ನೋಡಿದ್ರೆ ಗಂಡಸರಲ್ಲಿ ಸಾಮಾನ್ಯವಾದ ವಂಶವಾಹಿ ತರಹದ್ದು, ಆಂಡ್ರೋಜೆನೆಟಿಕ್ ಅಲೋಪೇಷಿಯಾ. ಅಲ್ಲಿ ಉದುರೋದಕ್ಕಿಂತ ಮುಖ್ಯ, ಕೂದಲು ಸಣ್ಣಗಾಗೋದು. ಟೆಸ್ಟೋಸ್ಟಿರಾನ್ ಅನ್ನೋ ಗಂಡಸರ ಹಾರ್ಮೋನ್ ಒಂದು ಕಿಣ್ವದಿಂದ ಇನ್ನೊಂದು ಹಾರ್ಮೋನ್, ಡಿಎಚ್‌ಟಿ ಆಗುತ್ತೆ, ಹಣೆ ಮೂಲೆ ಮತ್ತೆ ನೆತ್ತಿಯ ಫಾಲಿಕಲ್‌ಗಳು ಅದಕ್ಕೆ ಜಾಸ್ತಿ ಸ್ಪಂದಿಸುತ್ತೆ, ಪ್ರತಿ ಸುತ್ತಿಗೂ ಕೂದಲು ಇನ್ನಷ್ಟು ತೆಳು, ಇನ್ನಷ್ಟು ಗಿಡ್ಡ, ಕೊನೆಗೆ ನೂಲಿನಂಥ ರೋಮ ಉಳಿಯುತ್ತೆ. ತಲೆ ಹಿಂಭಾಗದ್ದಕ್ಕೆ ಅಷ್ಟು ಪರಿಣಾಮ ಆಗಲ್ಲ. ಇದು ತಾನಾಗೇ ಸರಿಹೋಗಲ್ಲ, ಕಾಯ್ತಾ ಕೂತಷ್ಟೂ ನಷ್ಟ. ಅಂದ್ರೆ ನಿಮಗೆ ತಾಳ್ಮೆ ಬೇಕು, ಅವನಿಗೆ ಬೇಗ ಡಾಕ್ಟರ್ ಬೇಕು. ಒಂದೇ ಬಾಟಲಿ ಇಬ್ಬರೂ ಹಂಚ್ಕೊಳ್ಳೋ ಮಾತೇ ಇಲ್ಲ.

ಹಳೇಓದುಗ:

ತಮ್ಮನಿಗೆ ಅಂತ ಬರೀತಿದೀನಿ, ನಾನೂ ಅದೇ ದಾರೀಲಿ ಇರೋನು, ಮಿನಾಕ್ಸಿಡಿಲ್, ಫಿನಾಸ್ಟರೈಡ್ ಎರಡೂ ಔಷಧಿ ಸುಮಾರು ವರ್ಷಗಳಿಂದ ಡಾಕ್ಟರ್ ಹೇಳಿದ ಹಾಗೆ ತಗೊಳ್ತಿದೀನಿ.

ಮಿನಾಕ್ಸಿಡಿಲ್ ಮೊದಲು ಬಂದಿದ್ದು ಬಿಪಿ ಮಾತ್ರೆಯಾಗಿ, ತಗೊಂಡವರಿಗೆ ಮೈಮೇಲೆಲ್ಲ ಕೂದಲು ಬೆಳೆಯೋದು ನೋಡಿ ಆಮೇಲೆ ತಲೆಗೆ ಹಚ್ಚೋ ದ್ರಾವಣ ಮಾಡಿದ್ರು, ಅಮೆರಿಕದಲ್ಲಿ 1988ರಲ್ಲಿ ಒಪ್ಪಿಗೆ ಸಿಕ್ತು. ಗಂಡಸರಿಗೆ ಸಾಮಾನ್ಯವಾಗಿ 5% ದ್ರಾವಣ, ದಿನಕ್ಕೆರಡು ಸಲ ಒಂದೊಂದು ಎಂಎಲ್. ಕೂದಲಿಗಲ್ಲ, ಕೂದಲು ಸರಿಸಿ ಒಣಗಿರೋ ಚರ್ಮಕ್ಕೆ ಹಚ್ಚಬೇಕು, ಕೈ ತೊಳ್ಕೋಬೇಕು, ಪೂರ್ತಿ ಒಣಗೋ ತನಕ ಮಲಗಬಾರದು ಇಲ್ಲಾಂದ್ರೆ ದಿಂಬಿಗೆ ಹತ್ತಿ ಅಲ್ಲಿಂದ ಕೆನ್ನೆ ಹಣೆಗೆ ತಾಗಿ ಅಲ್ಲಿ ರೋಮ ಬರುತ್ತೆ. ಮನೇಲಿ ಬೆಕ್ಕಿದ್ರೆ ತುಂಬಾ ಎಚ್ಚರ, ಸ್ವಲ್ಪ ನೆಕ್ಕಿದ್ರೂ ಅದರ ಪ್ರಾಣಕ್ಕೇ ಅಪಾಯ. ಮತ್ತೆ ಇದನ್ನ ತಮ್ಮನಿಗೆ ಮೊದಲೇ ಹೇಳಿಡಿ, ಶುರು ಮಾಡಿದ ಮೊದಲ ಕೆಲವು ವಾರ ಉದುರೋದು ಇನ್ನೂ ಜಾಸ್ತಿ ಆಗಬಹುದು, ಹಳೇ ಕೂದಲು ಜಾಗ ಬಿಟ್ಟು ಹೊಸ ಸುತ್ತು ಶುರುವಾಗೋದಕ್ಕೆ ಹಾಗೆ, ಎಷ್ಟೋ ಹುಡುಗರು ಇದೇ ಹೊತ್ತಲ್ಲಿ ಹೆದರಿ ಬಿಟ್ಟುಬಿಡ್ತಾರೆ. ನಾಲ್ಕರಿಂದ ಆರು ತಿಂಗಳು ಆಗದೇ ಏನೂ ತೀರ್ಮಾನ ಮಾಡೋ ಹಾಗಿಲ್ಲ, ನಿಲ್ಲಿಸಿದ್ರೆ ಕೆಲವೇ ತಿಂಗಳಲ್ಲಿ ಅದರಿಂದ ಬಂದಿದ್ದೆಲ್ಲ ವಾಪಸ್ ಹೋಗುತ್ತೆ. ಪ್ರತಿ ತಿಂಗಳು ಒಂದೇ ಜಾಗ, ಒಂದೇ ಬೆಳಕಲ್ಲಿ ಫೋಟೋ ತೆಗೆದಿಟ್ಕೊಳ್ಳಕ್ಕೆ ಹೇಳಿ, ದಿನಾ ಕನ್ನಡಿ ನೋಡ್ತಿದ್ರೆ ವ್ಯತ್ಯಾಸ ಗೊತ್ತಾಗಲ್ಲ.

ಇನ್ನೊಂದು ಫಿನಾಸ್ಟರೈಡ್, 1 ಎಂಜಿ ಮಾತ್ರೆ. ಇದು ಆ ಕಿಣ್ವವನ್ನೇ ತಡೆದು ರಕ್ತದಲ್ಲಿರೋ ಡಿಎಚ್‌ಟಿಯನ್ನ ಹತ್ತತ್ರ 70% ಇಳಿಸುತ್ತೆ. ಇರೋದನ್ನ ಉಳಿಸೋದ್ರಲ್ಲಿ ಇದೇ ಗಟ್ಟಿ. ಆದ್ರೆ ಡಾಕ್ಟರ್ ಹತ್ರ ಬಾಯಿಬಿಟ್ಟು ಮಾತಾಡಿ ಶುರು ಮಾಡಬೇಕು, ಕೆಲವರಿಗೆ ಲೈಂಗಿಕ ಆಸಕ್ತಿ ಕಮ್ಮಿ ಆಗೋದು, ನಿಮಿರುವಿಕೆ ತೊಂದರೆ, ಮನಸ್ಸು ಕುಗ್ಗೋದು ಆಗುತ್ತೆ, ಹಾಗೇನಾದ್ರೂ ಅನ್ನಿಸಿದ್ರೆ ನಾಚ್ಕೊಳ್ಳದೇ ತಕ್ಷಣ ಹೇಳಬೇಕು. ಖಿನ್ನತೆ ಮೊದಲೇ ಇದ್ದವರು ಅದನ್ನ ಮುಚ್ಚಿಡಲೇಬಾರದು. ಇದನ್ನ ತಗೊಳ್ತಾ ರಕ್ತದಾನ ಮಾಡೋ ಹಾಗಿಲ್ಲ, ಆ ರಕ್ತ ಗರ್ಭಿಣಿಗೆ ಹೋದ್ರೆ ಗಂಡು ಮಗುವಿನ ಬೆಳವಣಿಗೆಗೆ ತೊಂದರೆ ಆಗಬಹುದು ಅಂತ.

ಟ್ರಾನ್ಸ್‌ಪ್ಲಾಂಟ್‌ಗೆ 24ಕ್ಕೇ ಓಡೋದು ಬೇಡ. ಹಿಂಭಾಗದ ಕೂದಲು ತೆಗೆದು ಮುಂದೆ ನೆಡ್ತಾರೆ, ನೆಟ್ಟಿದ್ದು ಉಳಿಯುತ್ತೆ ಸರಿ, ಆದ್ರೆ ಅದರ ಸುತ್ತ ಇರೋ ಹಳೇ ಕೂದಲು ಹಿಂದೆ ಸರೀತಾನೇ ಇರುತ್ತೆ, ಹಿಂಭಾಗದ ದಾಸ್ತಾನು ಒಂದು ಸಲ ಖಾಲಿಯಾದ್ರೆ ಮತ್ತೆ ತುಂಬಲ್ಲ. ಮೊದಲು ಔಷಧಿಯಲ್ಲಿ ನಿಲ್ಲಲಿ.

ಎರಡುಮಕ್ಕಳತಾಯಿ:

ನನಗೂ ಹೆರಿಗೆ ಆಗಿ ಮೂರು ತಿಂಗಳಿಗೆ ಇದೇ ಥರ ಶುರುವಾಗಿತ್ತು, ಮೊದಲನೇ ಮಗುವಿಗೂ ಎರಡನೇ ಮಗುವಿಗೂ. ಮೊದಲನೇ ಸಲ ತಾನಾಗೇ ನಿಂತು ಹಣೆ ಅಂಚಲ್ಲಿ ಗಿಡ್ಡ ಗಿಡ್ಡ ಕೂದಲು ನಿಂತ್ಕೊಳ್ಳೋಕೆ ಶುರುವಾಯ್ತು, ಎಷ್ಟು ಬಾಚಿದ್ರೂ ಮಲಗ್ತಿರಲಿಲ್ಲ, ಅದೇ ಹೊಸ ಕೂದಲು ಅಂತ ಡಾಕ್ಟರ್ ಹೇಳಿದಾಗ ಎಷ್ಟು ಸಮಾಧಾನ ಆಯ್ತು. ಎರಡನೇ ಸಲ ಮಾತ್ರ ನಿಲ್ಲಲೇ ಇಲ್ಲ, ಆಗ ಬ್ಲಡ್ ಟೆಸ್ಟ್ ಮಾಡಿಸಿದ್ರೆ ಫೆರಿಟಿನ್, ಅಂದ್ರೆ ದೇಹದಲ್ಲಿ ಕೂಡಿಟ್ಟಿರೋ ಕಬ್ಬಿಣಾಂಶ, ತುಂಬಾ ಕಡಿಮೆ. ಹಿಮೋಗ್ಲೋಬಿನ್ ಪರವಾಗಿಲ್ಲ ಅನ್ನೋ ಥರಾನೇ ಇತ್ತು, ಅದಕ್ಕೇ ಮೊದಲು ಯಾರಿಗೂ ಗೊತ್ತಾಗಿರಲಿಲ್ಲ. ಕಬ್ಬಿಣಾಂಶದ ಮಾತ್ರೆ ಡಾಕ್ಟರ್ ಕೊಟ್ಟಷ್ಟು ದಿನ ತಗೊಂಡೆ, ಈಗ ಸರಿ ಇದೆ. ಮುಟ್ಟಿನಲ್ಲಿ ಜಾಸ್ತಿ ರಕ್ತ ಹೋಗೋರು ಇದನ್ನ ಖಂಡಿತ ನೋಡಿಸಿ ಅಕ್ಕ, ಥೈರಾಯ್ಡ್ ಕೂಡ. ಆ ದಿನಗಳಲ್ಲಿ ನಾನು ಬಾಚೋಕೇ ಹೆದರ್ತಿದ್ದೆ, ತಲೆ ತೊಳೆಯೋದೂ ಮುಂದೂಡ್ತಿದ್ದೆ, ನೀವೂ ಹಾಗೇ ಮಾಡ್ತಿದ್ರೆ ಬೇಡ, ತೊಳೆದಾಗ ಬರೋದು ಹೇಗೂ ಬರಬೇಕಿದ್ದ ಕೂದಲೇ, ತೊಳೆಯೋದು ಮುಂದೂಡಿದ್ರೆ ಎಲ್ಲ ಸೇರಿ ಒಂದೇ ದಿನ ಬಂದು ಇನ್ನೂ ಗಾಬರಿ ಆಗುತ್ತೆ.

ಬೆಳದಿಂಗಳು:

ಓದ್ತಾ ಓದ್ತಾ ಅರ್ಧ ಭಾರ ಇಳೀತು, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಟ್ಟು ನನಗೂ ಜಾಸ್ತಿನೇ, ಟೆಸ್ಟ್ ಮಾಡಿಸ್ತೀನಿ. ಡಾಕ್ಟ್ರೇ, ಬಯೋಟಿನ್ ಮುಂದುವರಿಸ್ಲಾ? ನನಗೆ ಮಿನಾಕ್ಸಿಡಿಲ್ ಬೇಡ್ವಾ ಹಾಗಾದ್ರೆ? ಈ ವರ್ಷ ಮಗು ಬಗ್ಗೆ ಯೋಚನೆ ಮಾಡ್ತಿದೀವಿ ಬೇರೆ.

ದಾರಿಹೋಕ:

ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ, ನನ್ನ ಅಣ್ಣನ ಮಗನಿಗೆ 9 ವರ್ಷ, ತಲೆಯಲ್ಲಿ ನಾಣ್ಯದಷ್ಟು ಜಾಗ ನುಣ್ಣಗೆ ಬೋಳಾಗಿದೆ, ನೋವಿಲ್ಲ ಏನಿಲ್ಲ. ಇದು ಮೇಲಿನ ಎರಡರಲ್ಲಿ ಯಾವುದು?

ಚರ್ಮವೈದ್ಯೆ:

ದಾರಿಹೋಕ ಅವರೇ, ಎರಡೂ ಅಲ್ಲ ಅನ್ಸುತ್ತೆ, ಕಣ್ಣಲ್ಲಿ ನೋಡದೇ ಖಚಿತವಾಗಿ ಹೇಳೋಕಾಗಲ್ಲ. ಜಾಗ ನುಣ್ಣಗಿದ್ದು ಅಂಚಿನ ಗಿಡ್ಡ ಕೂದಲು ಬುಡದಲ್ಲಿ ತೆಳು, ತುದೀಲಿ ದಪ್ಪ ಇದ್ರೆ ಅದು ಅಲೋಪೇಷಿಯಾ ಏರಿಯೇಟಾ, ದೇಹದ ರೋಗನಿರೋಧಕ ಶಕ್ತಿಯೇ ಫಾಲಿಕಲ್ ಮೇಲೆ ತಿರುಗಿಬೀಳೋದು. ಸಣ್ಣ ಜಾಗ ಆದ್ರೆ ತಾನಾಗೇ ತುಂಬಿಕೊಳ್ಳೋದೂ ಉಂಟು, ಇಲ್ಲಾಂದ್ರೆ ಹಚ್ಚೋ ಸ್ಟೀರಾಯ್ಡ್, ದೊಡ್ಡವರಿಗೆ ಆ ಜಾಗಕ್ಕೇ ಇಂಜೆಕ್ಷನ್. ತುಂಬಾ ಹರಡಿದವರಿಗೆ ಈಗ ಬೇರೆ ಮಾತ್ರೆಗಳೂ ಇವೆ, ಅಮೆರಿಕದಲ್ಲಿ 2022ರಲ್ಲಿ ಬ್ಯಾರಿಸಿಟಿನಿಬ್ ದೊಡ್ಡವರಿಗೆ, 2023ರಲ್ಲಿ ರಿಟ್ಲೆಸಿಟಿನಿಬ್ 12 ವರ್ಷ ತುಂಬಿದವರಿಗೆ ಒಪ್ಪಿಗೆ ಪಡೆದವು. ಆದ್ರೆ ಆ ಜಾಗದಲ್ಲಿ ಹೊಟ್ಟಿನ ಥರ ಪೊರೆ ಏಳ್ತಿದ್ರೆ, ಕೂದಲು ಮುರಿದು ಕಪ್ಪು ಚುಕ್ಕಿ ಕಾಣ್ತಿದ್ರೆ ಅದು ಶಿಲೀಂಧ್ರ ಸೋಂಕು, ಮಕ್ಕಳಲ್ಲಿ ತುಂಬಾ ಸಾಮಾನ್ಯ. ಅದಕ್ಕೆ ಕ್ರೀಮ್ ಸಾಲಲ್ಲ, ವಾರಗಟ್ಟಲೆ ಹೊಟ್ಟೆಗೆ ಮಾತ್ರೆ ಕೊಡಬೇಕು, ಅದರ ಮೇಲೆ ಬರೀ ಸ್ಟೀರಾಯ್ಡ್ ಹಚ್ಚಿದ್ರೆ ಸೋಂಕು ಇನ್ನೂ ಹರಡುತ್ತೆ. ಅದಕ್ಕೇ ಮನೇಲಿರೋ ಟ್ಯೂಬ್ ಹಚ್ಚಬೇಡಿ, ತೋರಿಸಿ.

ಬೆಳದಿಂಗಳು ಅವರೇ, ಬಯೋಟಿನ್ ಕೊರತೆ ಇರೋದು ಅಪರೂಪ, ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರುತ್ತೆ ಅನ್ನೋಕೆ ಒಳ್ಳೇ ಆಧಾರ ಇಲ್ಲ. ಅದಕ್ಕಿಂತ ಮುಖ್ಯ, ಜಾಸ್ತಿ ಡೋಸ್ ಬಯೋಟಿನ್ ಥೈರಾಯ್ಡ್ ಸೇರಿ ಕೆಲವು ಬ್ಲಡ್ ಟೆಸ್ಟ್‌ಗಳ ರಿಸಲ್ಟನ್ನೇ ತಪ್ಪು ತೋರಿಸುತ್ತೆ, ನೀವೀಗ ಮಾಡಿಸಬೇಕಿರೋದು ಅದೇ ಟೆಸ್ಟ್. ನಿಲ್ಲಿಸಿ, ಕೆಲವು ದಿನ ಬಿಟ್ಟು ರಕ್ತ ಕೊಡಿ, ತಗೊಳ್ತಿದ್ದೆ ಅಂತ ಲ್ಯಾಬಲ್ಲೂ ಹೇಳಿ. ಕೂದಲಿಗೆ ಒಳ್ಳೇದು ಅಂತ ಬೇರೆ ವಿಟಮಿನ್ ಸೇರಿಸ್ಕೊಳ್ಳಬೇಡಿ, ವಿಟಮಿನ್ ಎ ಮತ್ತೆ ಸೆಲೆನಿಯಂ ಅತಿಯಾದ್ರೆ ಅದರಿಂದಲೇ ಕೂದಲು ಉದುರುತ್ತೆ.

ಮಿನಾಕ್ಸಿಡಿಲ್ ನಿಮಗೆ ಈಗ ಬೇಡ. ಜ್ವರದಿಂದ ಬಂದಿದ್ದು ತಾನಾಗೇ ಹೋಗುತ್ತೆ, ಮಗು ಯೋಚನೆ ಇದ್ರೆ ಅಂತೂ ಬೇಡವೇ ಬೇಡ. ತಮ್ಮ ಫಿನಾಸ್ಟರೈಡ್ ಶುರು ಮಾಡಿದ್ರೆ ಪುಡಿಯಾದ, ಮುರಿದ ಮಾತ್ರೆ ನೀವು ಮುಟ್ಟಬೇಡಿ.

ಒಂದನ್ನ ಮಾತ್ರ ಗಮನಿಸ್ತಿರಿ, ಬೈತಲೆ. ಈಗಲೇ ಒಂದು ಫೋಟೋ ತೆಗೆದಿಡಿ. ಹೆಂಗಸರಲ್ಲಿ ವಂಶವಾಹಿ ತರಹದ್ದು ಹಣೆಯಿಂದ ಹಿಂದೆ ಸರಿಯೋದು ಕಡಿಮೆ, ಮುಂದಿನ ಅಂಚು ಹಾಗೇ ಇದ್ದು ಬೈತಲೆ ಅಗಲ ಆಗ್ತಾ ಹೋಗುತ್ತೆ, ಎಷ್ಟೋ ಸಲ ಜ್ವರದ ಉದುರುವಿಕೆ ನಿಂತ ಮೇಲೆ ಇದು ಬಯಲಿಗೆ ಬರುತ್ತೆ. ಆರು ತಿಂಗಳಾದ್ರೂ ನಿಲ್ಲದಿದ್ರೆ, ಬೈತಲೆ ಅಗಲ ಆಗ್ತಿದ್ರೆ, ಮುಟ್ಟು ಏರುಪೇರಾಗಿ ಮುಖದ ಮೇಲೆ ಕೂದಲು ಬರ್ತಿದ್ರೆ ಬನ್ನಿ, ಪಿಸಿಓಎಸ್ (ಹೆಂಗಸರಲ್ಲಿ ಅಂಡಾಶಯ, ಹಾರ್ಮೋನಿಗೆ ಸಂಬಂಧಿಸಿದ ತೊಂದರೆ) ಕೂಡ ನೋಡಬೇಕಾಗುತ್ತೆ. ತಲೆ ಉರಿ, ನೋವು, ಕೂದಲು ಹೋದ ಜಾಗದ ಚರ್ಮ ರಂಧ್ರವೇ ಇಲ್ಲದ ಹಾಗೆ ಹೊಳೀತಿದ್ರೆ ಆರು ತಿಂಗಳು ಕಾಯಬೇಡಿ, ಅದು ಗಾಯದ ಕಲೆ ಉಳಿಸಿ ಫಾಲಿಕಲ್ಲನ್ನೇ ನಾಶ ಮಾಡೋ ಜಾತಿ, ಹೋದದ್ದು ಮತ್ತೆ ಬರಲ್ಲ, ಆ ವಾರದಲ್ಲೇ ಸ್ಕಿನ್ ಡಾಕ್ಟರ್‌ಗೆ ತೋರಿಸಿ.

ಬೆಳದಿಂಗಳು:

ಸರಿ ಡಾಕ್ಟ್ರೇ, ಬಯೋಟಿನ್ ಇವತ್ತಿಂದಲೇ ನಿಲ್ಲಿಸ್ತೀನಿ. ತಮ್ಮನಿಗೆ ಈ ವಾರಾನೇ ಅಪಾಯಿಂಟ್‌ಮೆಂಟ್ ತಗೊಂಡಿದೀನಿ, ಹಳೇಓದುಗ ಅವರು ಬರೆದಿದ್ದನ್ನ ಪೂರ್ತಿ ಅವನಿಗೆ ಕಳಿಸಿದೀನಿ. ಫೆರಿಟಿನ್ ರಿಪೋರ್ಟ್ ಬಂದ ಮೇಲೆ ಇಲ್ಲೇ ಹಾಕ್ತೀನಿ.