ಮೂರೂವರೆ ವರ್ಷದ ಮಗಳು, 104 ಪುಸ್ತಕ, 52 ವಾರದ ಪಟ್ಟಿ: ಕಥೆಪುಸ್ತಕದ ಮನೆಶಾಲೆ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ (ಒಬ್ಬ ತಾಯಿ):
ಮೇಡಂ, ನಮಸ್ಕಾರ. ಮಗಳಿಗೆ ಮೂರೂವರೆ ತುಂಬ್ತಾ ಬಂತು, ಮಗನಿಗೆ ಎಂಟು ತಿಂಗಳು. ಈ ಒಂದು ವರ್ಷ ಅವಳನ್ನ ಶಾಲೆಗೆ ಕಳಿಸದೆ, ವರ್ಕ್‌ಶೀಟ್ ಗೋಜಿಗೂ ಹೋಗದೆ, ಕಥೆಪುಸ್ತಕ ಓದಿ ಹೇಳ್ತಾನೇ ಕಲಿಸೋಣ ಅಂತ ನಾನೂ ನಮ್ಮನೆಯವರೂ ತೀರ್ಮಾನ ಮಾಡಿದ್ದೀವಿ. ಶುರು ಮಾಡೋಕೆ ಎರಡು ತಿಂಗಳಿದೆ. ಆಮೇಲೆ ಪರದಾಡೋದು ಬೇಡ ಅಂತ ಎಕ್ಸೆಲ್‌ನಲ್ಲಿ ಇಡೀ ವರ್ಷದ ಪಟ್ಟಿ ಮಾಡ್ತಿದ್ದೀನಿ: 52 ವಾರ, ವಾರಕ್ಕೊಂದು ಅಕ್ಷರ, ಆ ಅಕ್ಷರಕ್ಕೆ ಹೊಂದೋ ಎರಡು ಪುಸ್ತಕ, ದಿನಕ್ಕೊಂದು ಚಟುವಟಿಕೆ. 26 ಅಕ್ಷರದ ಕಾರ್ಡ್ ಆಗಲೇ ಲ್ಯಾಮಿನೇಟ್ ಆಗಿವೆ. ಹದಿನೇಳನೇ ವಾರಕ್ಕೆ ಬಂದು ಸಿಕ್ಕಿಬಿದ್ದಿದ್ದೀನಿ, ಪುಸ್ತಕವೇ ಹೊಂದ್ತಿಲ್ಲ. ನಾನು ಮಾಡ್ತಿರೋದು ಸರೀನಾ? ನೀವಾಗಿದ್ರೆ ಹೇಗೆ ಮಾಡ್ತಿದ್ರಿ?

ಉತ್ತರ (ಶಿಶುತರಗತಿಯ ಶಿಕ್ಷಕಿ):
ನಮಸ್ಕಾರ. ಮೊದಲು ಲೆಕ್ಕ ಮಾಡೋಣ. 52 ವಾರಕ್ಕೆ ಎರಡೆರಡರಂತೆ 104 ಪುಸ್ತಕ, ವಾರಕ್ಕೆ ಐದರಂತೆ 260 ಚಟುವಟಿಕೆ. ಅದರ ಜೊತೆಗೆ ಎಂಟು ತಿಂಗಳ ಕೂಸು. ನನ್ನ ಮಾತು ಕಹಿ ಅನಿಸಬಹುದು, ಈ ಪಟ್ಟಿ ಮೂರನೇ ವಾರ ದಾಟುವುದಿಲ್ಲ. ತಪ್ಪು ನಿಮ್ಮದಲ್ಲ, ಪಟ್ಟಿಯದು.

ನಾನು ಪಾಠ ಹೇಳಲು ಶುರು ಮಾಡಿದ ವರ್ಷ ಇದೇ ಕೆಲಸ ಮಾಡಿದ್ದೆ. ದಪ್ಪ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು, ಬಣ್ಣ ಹಾಕಿ, 40 ವಾರಕ್ಕೆ ಜಾಗ ಮಾಡಿಟ್ಟಿದ್ದೆ. ಎರಡನೇ ವಾರ ಕಳೆದುಹೋದ ಕೊಡೆಯದೊಂದು ಕಥೆ ಓದಿದೆ. ಮಾರನೇ ದಿನ ಮಕ್ಕಳು ಬೇರೆ ಪುಸ್ತಕ ಮುಟ್ಟಲು ಬಿಡಲಿಲ್ಲ. "ಕೊಡೆ, ಕೊಡೆ" ಅಂತ ಒಂದೇ ಹಟ. ಪಟ್ಟಿ ಹಿಂದೆ ಬೀಳುತ್ತದೆಂದು ನಾನು ಹೊಸ ಪುಸ್ತಕವನ್ನೇ ಎಳೆದು ಓದಿದೆ, ಒಬ್ಬರೂ ಕೇಳಲಿಲ್ಲ. ಆ ನೋಟ್‌ಬುಕ್ ಈಗಲೂ ಇದೆ. ಹನ್ನೊಂದನೇ ಪುಟದಿಂದಾಚೆಗೆ ಖಾಲಿ.

ಮಕ್ಕಳ ಆ ಹಟದಲ್ಲಿ ಹುರುಳಿತ್ತು ಅಂತ ಗೊತ್ತಾದದ್ದು ಬಹಳ ತಡವಾಗಿ. ಸಸೆಕ್ಸ್ ವಿಶ್ವವಿದ್ಯಾಲಯದ ಜೆಸ್ಸಿಕಾ ಹೋರ್ಸ್ಟ್ ಮತ್ತು ಸಂಗಡಿಗರು 2011ರಲ್ಲಿ ಮೂರು ವರ್ಷದ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ಕೆಲವು ಮಕ್ಕಳಿಗೆ ಒಂದೇ ಕಥೆಯನ್ನು ಮತ್ತೆ ಮತ್ತೆ ಓದಿದರು, ಉಳಿದವರಿಗೆ ಪ್ರತಿಸಲ ಬೇರೆ ಕಥೆ. ಹೊಸ ಪದಗಳು ಕಿವಿಗೆ ಬಿದ್ದದ್ದು ಎರಡೂ ಕಡೆ ಅಷ್ಟೇ ಸಲ. ಪದ ನೆನಪಿನಲ್ಲಿ ನಿಂತದ್ದು ಮಾತ್ರ ಒಂದೇ ಕಥೆ ಕೇಳಿದವರಿಗೆ. ಮೊದಲ ಸಲ ಮಗು ಏನಾಗುತ್ತದೆ ಅಂತ ಕೇಳುತ್ತದೆ. ಅದು ಗೊತ್ತಾದ ಮೇಲೆಯೇ ಗಮನ ಮಾತಿನ ಮೇಲೆ, ಚಿತ್ರದ ಮೂಲೆಯಲ್ಲಿ ಕೂತ ಇರುವೆಯ ಮೇಲೆ ಹರಿಯುವುದು. ಮನೆಶಾಲೆಯವರು ಬಳಸುವ 'ಫೈವ್ ಇನ್ ಎ ರೋ' ಅನ್ನುವ ಪಠ್ಯಕ್ರಮ ನಿಂತಿರುವುದೂ ಇಂಥ ಮರುಓದಿನ ಮೇಲೆಯೇ, ಒಂದೇ ಪುಸ್ತಕ ಸತತ ಐದು ದಿನ.

ಹಾಗಾಗಿ ವರ್ಷಕ್ಕೆ 36 ವಾರ ಹಿಡಿಯಿರಿ. ಪುಸ್ತಕ 24 ಸಾಕು. ಎರಡು ವಾರ ವಾರಕ್ಕೊಂದರಂತೆ ಎರಡು ಪುಸ್ತಕ, ಮೂರನೇ ವಾರ ಖಾಲಿ. ಜ್ವರ, ನೆಂಟರು, ಊರು ತಿರುಗಾಟ, ನಿದ್ದೆಯಿಲ್ಲದ ರಾತ್ರಿ ಎಲ್ಲ ಆ ಖಾಲಿ ವಾರದ ಲೆಕ್ಕಕ್ಕೆ. ಏನೂ ಅಡ್ಡಿ ಬರಲಿಲ್ಲವೋ, ಮಗಳು ಯಾವ ಪುಸ್ತಕ ಎತ್ತಿಕೊಂಡು ಬರುತ್ತಾಳೋ ಅದನ್ನೇ ಓದಿ.

ಇನ್ನು ಅಕ್ಷರದ ಕಾಲಂ. ದಯವಿಟ್ಟು ಅಳಿಸಿಬಿಡಿ. ಅಕ್ಷರಕ್ಕಾಗಿ ಪುಸ್ತಕ ಹುಡುಕಲು ಹೊರಟರೆ ಒಳ್ಳೆ ಪುಸ್ತಕ ಬಿಟ್ಟು ಹೊಂದುವ ಪುಸ್ತಕ ಮನೆಗೆ ಬರುತ್ತದೆ. ಎಕ್ಸ್‌ಗೆ ಕ್ಸೈಲೋಫೋನ್ ಬಿಟ್ಟರೆ ಗತಿಯಿಲ್ಲ. ನಮ್ಮ ಕನ್ನಡದಲ್ಲಂತೂ 'ಣ'ಕ್ಕೆ ಬಾಣ ಅಂತ ಪದದ ಬಾಲ ಹಿಡಿದು ತೋರಿಸಬೇಕು. ನೀವು ಹದಿನೇಳನೇ ವಾರದಲ್ಲಿ ಸಿಕ್ಕಿಬಿದ್ದದ್ದು ಇದಕ್ಕೇ.

ಅದೇ ತಾಯಿ:
ಮೇಡಂ, ಓದಿ ನಗು ಬಂತು, ಸ್ವಲ್ಪ ಅಳೂ ಬಂತು. 104 ಬಿಟ್ಟು 24 ಆರಿಸೋದು ಹೇಗೆ? ಆರಿಸಿದ ಮೇಲೆ ಮುಂಚೆಯೇ ಏನೇನು ಸಿದ್ಧ ಮಾಡಿಟ್ಟುಕೊಳ್ಳಲಿ? ಏನೂ ಸಿದ್ಧ ಇಲ್ಲದಿದ್ರೆ ನನಗೆ ಕೈಕಾಲು ಆಡಲ್ಲ.

ಉತ್ತರ:
ಸಿದ್ಧತೆ ಬೇಡ ಅಂತ ನಾನೂ ಹೇಳುವುದಿಲ್ಲ. ದಿನಗಳ ಬದಲು ಪುಸ್ತಕಗಳನ್ನು ಸಿದ್ಧ ಮಾಡಿ, ಅಷ್ಟೇ ವ್ಯತ್ಯಾಸ.

ಆರಿಸುವಾಗ ಪ್ರತಿ ಪುಸ್ತಕವನ್ನೂ ಒಬ್ಬರೇ ಕೂತು ಗಟ್ಟಿಯಾಗಿ ಓದಿ ನೋಡಿ. ಕಣ್ಣಿಗೆ ಚೆಂದ ಕಂಡದ್ದು ಎಷ್ಟೋ ಸಲ ನಾಲಿಗೆಗೆ ಒಗ್ಗುವುದಿಲ್ಲ. ಎರಡನೇ ಸಲ ಓದುವಾಗಲೇ ನಿಮಗೆ ಬೇಜಾರು ಬಂದರೆ ಪಕ್ಕಕ್ಕಿಡಿ, ಐದು ದಿನ ಓದಬೇಕಾದವರು ನೀವು. ಚಿತ್ರಪುಸ್ತಕಗಳು ಸಾಮಾನ್ಯವಾಗಿ 32 ಪುಟ ಇರುತ್ತವೆ (ದೊಡ್ಡ ಹಾಳೆಯಲ್ಲಿ ಅಚ್ಚು ಹಾಕಿ ಮಡಚುವಾಗ ಬರುವ ಲೆಕ್ಕ ಅದು). ಪುಟಕ್ಕೆ ಎರಡು ಮೂರು ಸಾಲಿದ್ದರೆ ಈ ವಯಸ್ಸಿಗೆ ಹದ. ಇಡೀ ಪುಟ ಅಕ್ಷರವಿದ್ದರೆ ಮುಂದಿನ ವರ್ಷಕ್ಕೆ ಎತ್ತಿಡಿ. 24ರಲ್ಲಿ ಪಲ್ಲವಿಯಂತೆ ಒಂದೇ ಸಾಲು ಮರಳಿ ಮರಳಿ ಬರುವ ಕಥೆಗಳು ಜಾಸ್ತಿ ಇರಲಿ, ಏಕೆಂದರೆ ಮೂರನೇ ದಿನಕ್ಕೆ ಆ ಸಾಲು ಅವಳ ಬಾಯಲ್ಲಿ ಬರುತ್ತದೆ. ಮಾತೇ ಇಲ್ಲದ, ಬರೀ ಚಿತ್ರದ ಪುಸ್ತಕ ಎರಡಾದರೂ ಇರಲಿ. ಜಾನಪದ ಕಥೆ, ಪ್ರಾಣಿ ಅಥವಾ ಯಂತ್ರದ ಬಗ್ಗೆ ನಿಜ ಸಂಗತಿ ಹೇಳುವ ಪುಸ್ತಕ, ಶಿಶುಗೀತೆಗಳ ಒಂದು ಸಂಕಲನ ಇವೆಲ್ಲ ಸೇರಲಿ. ನೀತಿ ಹೇಳಲೆಂದೇ ಬರೆದ ಪುಸ್ತಕಗಳು ನನಗೆ ಒಗ್ಗುವುದಿಲ್ಲ. ಮಕ್ಕಳಿಗೂ ಒಗ್ಗಿದ್ದು ಕಾಣೆ.

ಆರಿಸಿದ ಪ್ರತಿ ಪುಸ್ತಕಕ್ಕೆ ಅಂಗೈಯಗಲದ ಒಂದು ರಟ್ಟಿನ ಚೀಟಿ ಮಾಡಿ. ಒಂದು ಬದಿಯಲ್ಲಿ ಮಗಳಿಗೆ ಗೊತ್ತಿರದ ಮೂರು ಪದ, ಹೌದು-ಇಲ್ಲ ಅಂದು ಮುಗಿಸಲಾಗದ ಎರಡು ಪ್ರಶ್ನೆ. ಇನ್ನೊಂದು ಬದಿಯಲ್ಲಿ ಮನೆಯಲ್ಲಿರುವ ಸಾಮಾನಿನಿಂದಲೇ ಆಗುವ ಒಂದೇ ಒಂದು ಕೆಲಸ. ಸೇತುವೆಯ ಕಥೆಯಾದರೆ ಎರಡು ಡಬ್ಬಿಗಳ ನಡುವೆ ಸ್ಕೇಲ್ ಇಟ್ಟು ಎಷ್ಟು ಭಾರ ತಡೆಯುತ್ತದೆ ನೋಡುವುದು, ಗಾಳಿಯ ಕಥೆಯಾದರೆ ಉಫ್ ಎಂದು ಊದಿದಾಗ ಯಾವುದು ಹಾರುತ್ತದೆ, ಯಾವುದು ಕೂತೇ ಇರುತ್ತದೆ ಅಂತ ಬೇರೆ ಮಾಡುವುದು. ಇದಕ್ಕಿಂತ ದೊಡ್ಡದು ಬೇಡ. ಒಂದು ಸಂಜೆಗೆ ಮೂರು ಚೀಟಿ ಬರೆದರೂ ಎಂಟು ಸಂಜೆಯಲ್ಲಿ ವರ್ಷದ ಸಿದ್ಧತೆ ಮುಗಿಯಿತು.

ಪ್ರಶ್ನೆಗಳಿಗೆ ಇಷ್ಟು ಒತ್ತು ಕೊಡಲು ಕಾರಣವಿದೆ. 1988ರಲ್ಲಿ ಗ್ರೋವರ್ ವೈಟ್‌ಹರ್ಸ್ಟ್ ತಂಡ ಕೆಲವು ತಂದೆತಾಯಂದಿರಿಗೆ ಓದುತ್ತಾ ಓದುತ್ತಾ ಪ್ರಶ್ನೆ ಕೇಳಲು, ಮಗು ಹೇಳಿದ ಮಾತನ್ನು ಹಿಗ್ಗಿಸಿ ಮರಳಿ ಹೇಳಲು ಕಲಿಸಿತು. ಒಂದು ತಿಂಗಳಲ್ಲಿ ಆ ಮಕ್ಕಳ ಮಾತು, ತಮ್ಮ ಪಾಡಿಗೆ ಓದಿ ಹೇಳಿದ ಮನೆಗಳ ಮಕ್ಕಳಿಗಿಂತ ಮುಂದಿತ್ತು. ಮಗು "ನಾಯಿ" ಅಂದರೆ ನೀವು "ಹೌದು, ಒದ್ದೆಯಾದ ನಾಯಿ. ಯಾಕೆ ಒದ್ದೆಯಾಯ್ತು?" ಅನ್ನಬೇಕು. ಆದರೆ ಮೊದಲ ದಿನ ಪ್ರಶ್ನೆ ಕೇಳಲೇಬೇಡಿ. ಕಥೆ ಅಡ್ಡಿಯಿಲ್ಲದೆ ಒಂದು ಸಲ ಮುಗಿಯಲಿ. ದೊಡ್ಡವರಿಗೂ ಸಿನಿಮಾದ ಮಧ್ಯೆ ಯಾರಾದರೂ ಪರೀಕ್ಷೆ ಮಾಡಿದರೆ ಸಿಟ್ಟು ಬರುವುದಿಲ್ಲವೇ?

ದಿನಾಂಕ ಹಾಕಬೇಕಾದದ್ದು ಐದಾರು ಪುಸ್ತಕಕ್ಕೆ ಮಾತ್ರ. ಮಳೆಯ ಕಥೆ ಮಳೆ ಬರುವಾಗ, ಹುಟ್ಟುಹಬ್ಬದ ಕಥೆ ಅವಳ ಹುಟ್ಟುಹಬ್ಬದ ವಾರ, ಮನೆ ಬದಲಾಯಿಸುವುದಿದ್ದರೆ ಆ ಕಥೆ ಅದಕ್ಕಿಂತ ಮುಂಚೆ. ಉಳಿದವು ಎಲ್ಲಿಗೆ ಬೇಕಾದರೂ ಜರುಗಲಿ. ಲೈಬ್ರರಿ ಪುಸ್ತಕವಾದರೆ ಮೂರು ವಾರ ಮೊದಲೇ ಕಾಯ್ದಿರಿಸಿ, ಸಿಗದಿದ್ದರೆ ಬದಲಿಗೆ ಯಾವುದು ಅಂತ ಚೀಟಿಯ ಕೆಳಗೆ ಬರೆದಿಡಿ.

ಇನ್ನೊಬ್ಬರು (ತಂದೆ):
ನಡುವೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಐದು ದಿನ ಒಂದೇ ಪುಸ್ತಕ ಅಂತೀರಿ, ನನ್ನ ಮಗ ಐದು ನಿಮಿಷ ಕೂರಲ್ಲ. ಮೂರನೇ ಪುಟಕ್ಕೆ ಸೋಫಾ ಮೇಲಿರ್ತಾನೆ. ಅವನಿಗೂ ಮೂರೂವರೆ.

ಉತ್ತರ:
ಸೋಫಾ ಮೇಲಿಂದ ಕೇಳಿದರೂ ಕಿವಿಗೆ ಬೀಳುತ್ತದೆ. ಕೂತರೆ ಮಾತ್ರ ಓದುವುದು ಅಂತ ಷರತ್ತು ಹಾಕಬೇಡಿ. ಕೈಗೆ ಜೇಡಿಮಣ್ಣೋ ಕಟ್ಟುವ ಬ್ಲಾಕ್ಸೋ ಕೊಟ್ಟು ಓದಿ. ಸಾಲುಗಳನ್ನು ಬಿಟ್ಟು ಚಿತ್ರ ನೋಡಿಕೊಂಡು ನಿಮ್ಮ ಮಾತಿನಲ್ಲೇ ಎರಡು ನಿಮಿಷದಲ್ಲಿ ಕಥೆ ಮುಗಿಸಿದರೂ ಆ ದಿನದ ಓದು ಆಯಿತು. ಓಡುವ ಮಗುವಿಗೆ ಓಡುವ ಕಥೆ ಹುಡುಕಿ, ಅಟ್ಟಿಸಿಕೊಂಡು ಹೋಗುವ ಕಥೆ ಇಲ್ಲದ ನಾಡಿಲ್ಲ.

ಒಂದು ವಿಷಯ ಬೇರೆಯಾಗಿ ಕೇಳುತ್ತೇನೆ. ಬೆನ್ನ ಹಿಂದಿನಿಂದ ಹೆಸರು ಕರೆದರೆ ತಿರುಗುತ್ತಾನಾ? ಮೂರು ನಾಲ್ಕು ಪದ ಜೋಡಿಸಿ ಮಾತಾಡುತ್ತಾನಾ? ಹೌದಾದರೆ ಚಿಂತೆ ಬಿಡಿ, ಅದು ವಯಸ್ಸು. ಇಲ್ಲವಾದರೆ ಪುಸ್ತಕದ ಮಾತು ಆಮೇಲೆ, ಮೊದಲು ವೈದ್ಯರ ಹತ್ತಿರ ಕಿವಿ ಪರೀಕ್ಷೆ ಮಾಡಿಸಿ.

ತಂದೆ:
ತಿರುಗ್ತಾನೆ, ಮಾತಂತೂ ನಿಲ್ಲಿಸಲ್ಲ. ಬ್ಲಾಕ್ಸ್ ಕೊಟ್ಟು ನೋಡ್ತೀನಿ.

ಮತ್ತೊಬ್ಬರು:
ನಮ್ಮಲ್ಲಿರೋ ಒಳ್ಳೆ ಪುಸ್ತಕಗಳೆಲ್ಲ ಮನೆಮಾತಿನಲ್ಲಿಲ್ಲ. ಇದ್ದ ಹಾಗೇ ಓದಲಾ, ಅನುವಾದ ಮಾಡಿಕೊಂಡು ಹೇಳಲಾ? ಆಮೇಲೆ ಅಕ್ಷರವೇ ಕಲಿಸಬೇಡಿ ಅಂದ್ರೆ ಹೇಗೆ ಮೇಡಂ, ಮುಂದಿನ ವರ್ಷ ಶಾಲೆಗೆ ಸೇರಿಸೋವಾಗ ಕೇಳ್ತಾರಲ್ಲ.

ಉತ್ತರ:
ಮನೆಮಾತಿನಲ್ಲೇ ಹೇಳಿ. ಆದರೆ ಮರಳಿ ಮರಳಿ ಬರುವ ಪಲ್ಲವಿಯ ಸಾಲನ್ನು ಮೂಲದಲ್ಲೇ ಇಟ್ಟುಕೊಳ್ಳಿ, ಅದರ ಲಯವೇ ಆಟ. ಅನುವಾದವನ್ನು ಒಂದು ಸಲ ಬರೆದು ಪುಟಕ್ಕೆ ಅಂಟಿಸಿಬಿಡಿ. ಸೋಮವಾರ ಒಂದು ಮಾತು, ಮಂಗಳವಾರ ಇನ್ನೊಂದು ಮಾತು ಹೇಳಿದರೆ "ಹಾಗಲ್ಲ" ಅಂತ ನಿಮ್ಮನ್ನೇ ತಿದ್ದುತ್ತಾರೆ.

ಅಕ್ಷರ ಬೇಡ ಅಂತ ನಾನೆಲ್ಲಿ ಅಂದೆ? ವಾರಕ್ಕೊಂದು ಅಕ್ಷರ ಬೇಡ ಅಂದೆ. ಓದುವಾಗ ಮಕ್ಕಳ ಕಣ್ಣು ಎಲ್ಲಿರುತ್ತದೆ ಅಂತ 2005ರಲ್ಲಿ ಕೆನಡಾದ ಮೇರಿ ಆ್ಯನ್ ಎವಾನ್ಸ್ ಮತ್ತು ಜಾನ್ ಸೇಂಟ್-ಆಬಿನ್ ಅಳೆದು ನೋಡಿದರು. ಹೆಚ್ಚುಕಡಿಮೆ ಪೂರ್ತಿ ಸಮಯ ಚಿತ್ರದ ಮೇಲೆಯೇ. ಬರೀ ಮಡಿಲಲ್ಲಿ ಕೂರಿಸಿ ಓದಿದರೆ ಅಕ್ಷರ ತಾನಾಗಿ ಹತ್ತುತ್ತದೆ ಅನ್ನುವುದು ಹಾಗಾಗಿ ಆಸೆ ಮಾತ್ರ. ಎರಡನೇ ಮೂರನೇ ದಿನದ ಓದಿನಲ್ಲಿ ಶೀರ್ಷಿಕೆಯ ಕೆಳಗೆ, ಪಲ್ಲವಿಯ ಕೆಳಗೆ ಬೆರಳಾಡಿಸಿ. ಎಲ್ಲ ಸಾಲಿಗೂ ಬೇಡ, ಕಥೆಯ ಉಸಿರು ಕಟ್ಟುತ್ತದೆ.

ಮೊದಲ ಅಕ್ಷರ ಅವಳ ಹೆಸರಿನದಾಗಲಿ. ಹೆಸರಿನ ಅಕ್ಷರಗಳನ್ನು ಪುಸ್ತಕದಲ್ಲಿ ಅವಳೇ ಹುಡುಕಲಿ, "ಇದು ನಂದು!" ಅಂತ ಕೂಗುತ್ತಾಳೆ. ಅಕ್ಷರಕ್ಕಿಂತ ಮುಂಚೆ ಸದ್ದಿನ ಆಟ ಬೇಕು: ಒಂದೇ ಪ್ರಾಸದ ಪದ ಹೇಳುವುದು, ಪದವನ್ನು ಚಪ್ಪಾಳೆಯಲ್ಲಿ ಒಡೆಯುವುದು, "ಮ ಅಂತ ಶುರುವಾಗುವ ಯಾರನ್ನೋ ನೋಡ್ತಿದ್ದೀನಿ, ಯಾರು?" ಅನ್ನುವುದು. ಬರೆಸುವ ಅವಸರ ಮಾತ್ರ ಬೇಡ. ಕತ್ತರಿ, ಜೇಡಿಮಣ್ಣು, ಬಟ್ಟೆ ಹಿಂಡುವುದು, ಗೋಡೆಗೆ ನೀರಿನ ಬ್ರಷ್ಷು, ಇವುಗಳಿಂದ ಮೊದಲು ಬೆರಳಿಗೆ ಬಲ ಬರಲಿ.

ಶಾಲೆಯವರು ಕೇಳುತ್ತಾರೆ ಅನ್ನುವ ಭಯಕ್ಕೆ ಒಂದು ನೋಟ್‌ಬುಕ್ ಇಡಿ. ದಿನಾಂಕ, ಪುಸ್ತಕ, ಮಗು ಹೇಳಿದ ಒಂದು ಮಾತು, ಅಷ್ಟೇ. ತಿಂಗಳಿಗೊಂದು ಚಿತ್ರ ಎತ್ತಿಡಿ. ಮನೆಯಲ್ಲಿ ಕಲಿಸುವ ನಿಯಮ, ಶಾಲೆಗೆ ಸೇರಿಸುವ ವಯಸ್ಸು ಒಂದೊಂದು ಕಡೆ ಒಂದೊಂದು ರೀತಿ. ಅದನ್ನು ಮಾತ್ರ ನಿಮ್ಮಲ್ಲಿ ವಿಚಾರಿಸಿಕೊಂಡೇ ಶುರು ಮಾಡಿ.

ಮೊದಲ ತಾಯಿ:
ಮೇಡಂ, ಹತ್ತು ದಿನ ಆದ ಮೇಲೆ ಬಂದೆ. ಗಟ್ಟಿಯಾಗಿ ಓದೋ ಪರೀಕ್ಷೆಯಲ್ಲೇ ಅರ್ಧಕ್ಕರ್ಧ ಉದುರಿದವು. ಈಗ 22 ಉಳಿದಿವೆ, 14ಕ್ಕೆ ಚೀಟಿ ಆಯ್ತು. ದಿನಕ್ಕೆ ಎಷ್ಟು ಹೊತ್ತು ಅಂತ ನೀವು ಹೇಳಲೇ ಇಲ್ಲ. ಮಗು ಹಾಲು ಕುಡಿದು ಮಲಗಿದಾಗ ಸಿಗೋದು ಅರ್ಧ ಗಂಟೆ.

ಉತ್ತರ:
22 ಇದ್ದರೆ 22. ಎರಡು ಜಾಗ ಮಗಳಿಗೆ ಬಿಡಿ, ಅವಳೇ ಆರಿಸಲಿ.

ಅರ್ಧ ಗಂಟೆ ಧಾರಾಳ. ಓದಲು ಹತ್ತು ನಿಮಿಷ, ಮಾತಿಗೆ ಐದು, ಚೀಟಿಯ ಕೆಲಸಕ್ಕೆ ಉಳಿದದ್ದು. ಅದೂ ವಾರದಲ್ಲಿ ಒಂದೆರಡು ದಿನ ಮಾತ್ರ, ದಿನಾ ಚಟುವಟಿಕೆ ಬೇಕಿಲ್ಲ. ಕಥೆ ನಿಜವಾಗಿ ಒಳಗಿಳಿದಿದ್ದರೆ ಮಧ್ಯಾಹ್ನ ಬೊಂಬೆಗಳ ಜೊತೆ ಅದನ್ನೇ ಆಡುತ್ತಿರುತ್ತಾಳೆ. ಆಗ ಹತ್ತಿರ ಹೋಗಬೇಡಿ, ಬಾಗಿಲ ಮರೆಯಿಂದ ಕೇಳಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಮಗ ಎಚ್ಚರವಿದ್ದರೂ ಪರವಾಗಿಲ್ಲ, ದಪ್ಪ ರಟ್ಟಿನ ಪುಸ್ತಕ ಅವನ ಕೈಗೂ ಕೊಡಿ. ಅವನದನ್ನು ಕಚ್ಚುತ್ತಾನೆ, ಅದು ಅವನ ಓದು.

ಮೊದಲ ತಾಯಿ:
ಕೊನೇ ಪ್ರಶ್ನೆ, ನಗಬೇಡಿ. ಲ್ಯಾಮಿನೇಟ್ ಮಾಡಿದ 26 ಕಾರ್ಡ್ ಏನು ಮಾಡಲಿ? ಎಸೆಯೋಕೆ ಮನಸ್ಸಿಲ್ಲ.

ಉತ್ತರ:
ನಗಲಿಲ್ಲ, ನನ್ನ ಕಪಾಟಿನಲ್ಲೂ ಅಂಥದೊಂದು ಕಟ್ಟು ಇದೆ. ಮೂಲೆಗಳನ್ನು ಕತ್ತರಿಯಿಂದ ದುಂಡಗೆ ಮಾಡಿ, ಒಂದು ಹಳೇ ಚೀಲದಲ್ಲಿ ಹಾಕಿ ಮಗಳಿಗೆ ಕೊಡಿ, ಪೋಸ್ಟಿನ ಆಟ ಆಡಲಿ. ಚಿಕ್ಕವನ ಕೈಗೆ ಸಿಗದಂತೆ ನೋಡಿಕೊಳ್ಳಿ, ಪ್ಲಾಸ್ಟಿಕ್ ಅಂಚು ಕಿತ್ತು ಬಾಯಿಗೆ ಹಾಕಿಕೊಂಡಾನು.