ಅಮ್ಮನ ಸೊಂಟದ ಆಪರೇಷನ್‌ಗೆ ಸೆಲ್ ಸೇವರ್: ಮಾಡಿಸಿದವರು ಹೇಳಿ

ಕುವೆಂಪುನಗರದವಳು: ಅಮ್ಮನಿಗೆ 68 ವರ್ಷ. ಹಿಂದೆ ಹಾಕಿದ ಸೊಂಟದ ಕೀಲು ಸಡಿಲಾಗಿದೆ, ತೆಗೆದು ಹೊಸದು ಹಾಕಬೇಕು. ರಕ್ತ ಜಾಸ್ತಿ ಹೋಗುತ್ತದೆ, ಸೆಲ್ ಸೇವರ್ ಅನ್ನೋ ಮೆಷಿನ್‌ನಲ್ಲಿ ಅವರದೇ ರಕ್ತ ಹೀರಿ ತೊಳೆದು ವಾಪಸ್ ಕೊಡೋಣ ಅಂತಾರೆ ಡಾಕ್ಟರು. ಕಿಟ್‌ಗೆ 19,500 ಬೇರೆ. ಹೀಮೊಗ್ಲೋಬಿನ್ 10.8. ಮಾಡಿಸಿದವರು ಇದ್ದೀರಾ?

ಬೆಣ್ಣೆದೋಸೆ: ಕಣ್ಣು ಮುಚ್ಚಿ ಮಾಡಿಸಿ. ನಮ್ಮಪ್ಪನ ಬೈಪಾಸ್‌ನಲ್ಲಿ ಇಟ್ಟಿದ್ದರು, ಹೊರಗಿನ ರಕ್ತ ಒಂದು ಚೀಲವೂ ಹತ್ತಲಿಲ್ಲ. ಪ್ಯಾಕೇಜ್ 3,10,000 ಅಂದವರು ಕೊನೆಗೆ 3,86,400 ಬಿಲ್ ಕೊಟ್ಟರು, ಅದು ಬೇರೆ ಕಥೆ. ಸೆಲ್ ಸೇವರ್ ಅದರಲ್ಲಿ 21,000. ಅದನ್ನು ಇನ್ಶೂರೆನ್ಸ್‌ನವರು ಪೂರ್ತಿ ಕೊಟ್ಟರು, ಆದರೆ ಕೈಗವಸು, ಹತ್ತಿ, ಬಟ್ಟೆ ಅಂತ 13,870 ಕತ್ತರಿಸಿದರು. ಕತ್ತರಿಗೂ ದುಡ್ಡು ಕೇಳಲಿಲ್ಲವಲ್ಲ, ಪುಣ್ಯ.

ಬೆನ್ನುಮೂಳೆ: ನಿಮಗೆ ಬಂತು, ನಮಗೆ ಒಂದು ಪೈಸೆ ಬರಲಿಲ್ಲ. ತಂಗಿಗೆ ಬೆನ್ನು ಡೊಂಕು ಸರಿಮಾಡುವ ಆಪರೇಷನ್. ಮೆಷಿನ್ ತಂದರು, ಕಿಟ್ ಬಿಚ್ಚಿದರು, ರಕ್ತ ಹೆಚ್ಚು ಹೋಗಲೇ ಇಲ್ಲ. ಮೆಷಿನ್‌ನಲ್ಲಿ ರಕ್ತ ತೊಳೆಯುವ ಬೌಲ್ ತುಂಬದೆ ತೊಳೆಯೋಕೆ ಆಗಲ್ಲವಂತೆ, ಹೀರಿದ್ದನ್ನೆಲ್ಲ ಕಸಕ್ಕೆ ಹಾಕಿದರು. ಬಿಲ್‌ನಲ್ಲಿ ಮಾತ್ರ 24,300! ಮೂರು ದಿನ ಆದ ಮೇಲೆ ಹೀಮೊಗ್ಲೋಬಿನ್ 7.4ಕ್ಕೆ ಇಳಿಯಿತು, ಆಗ ಬ್ಲಡ್ ಬ್ಯಾಂಕಿನಿಂದ ಎರಡು ಚೀಲ ತಂದೆವು. ಚೀಲಕ್ಕೆ 1,550, ಟೆಸ್ಟಿಂಗ್ ಬೇರೆ. ಅಂದರೆ ಎರಡು ಚೀಲಕ್ಕೆ ಆದ ಖರ್ಚು ಆ ಕಿಟ್‌ನ ಕಾಲು ಭಾಗವೂ ಇಲ್ಲ, ನೀವೇ ಲೆಕ್ಕ ಹಾಕಿ.

ಬೆಣ್ಣೆದೋಸೆ: ರಕ್ತ ಕಮ್ಮಿ ಹೋಗಿದ್ದಕ್ಕೆ ಬೇಜಾರಾ ನಿಮಗೆ?

ಬೆನ್ನುಮೂಳೆ: ಸ್ವಾಮಿ, ಬೇಜಾರು ದುಡ್ಡಿಗೆ. ಬ್ರಿಟನ್‌ನಲ್ಲಿ 3,000 ಸಿಸೇರಿಯನ್‌ಗಳಲ್ಲಿ ನೋಡಿದ್ದಾರೆ, 2017ರಲ್ಲಿ ಪ್ರಕಟವಾಯಿತು. ಎಲ್ಲರಿಗೂ ಇದನ್ನು ಹಚ್ಚಿದರೆ ಹೊರಗಿನ ರಕ್ತ ಹಾಕುವ ಪ್ರಮಾಣ 3.5ರಿಂದ 2.5 ಪರ್ಸೆಂಟ್, ಅಷ್ಟೇ. ಆ ವ್ಯತ್ಯಾಸವೂ ಗಟ್ಟಿಯಾಗಿ ಸಾಬೀತಾಗಲಿಲ್ಲ.

ಬೆಣ್ಣೆದೋಸೆ: ಸಿಸೇರಿಯನ್ ಎಲ್ಲಿ, ಸೊಂಟದ ಕೀಲು ಎಲ್ಲಿ?

ಕರಾವಳಿ ಅಕ್ಕ: ದುಡ್ಡಿನ ಜಗಳ ಆಡುವವರು ಪುಣ್ಯವಂತರು. ನಮ್ಮಣ್ಣನದು ಬಾಂಬೆ ಗುಂಪು, ತೀರಾ ಅಪರೂಪದ ರಕ್ತ. ವರ್ಷಗಟ್ಟಲೆ ಓ ಅಂತಲೇ ಕಾರ್ಡಿನಲ್ಲಿ ಬರೆದಿದ್ದರು! ಓ ರಕ್ತವೂ ಅವನಿಗೆ ಆಗಲ್ಲ, ಬಾಂಬೆ ಗುಂಪಿನವರದೇ ಬೇಕು. ಆಪರೇಷನ್‌ಗೆ ಮೊದಲು ಅವನ ರಕ್ತವನ್ನೇ ತೆಗೆದು ಬ್ಯಾಂಕಿನಲ್ಲಿ ಇಟ್ಟೆವು. ಅದರಿಂದ ಹೀಮೊಗ್ಲೋಬಿನ್ 13ರಿಂದ 11.6ಕ್ಕೆ ಬಂತು, ಐರನ್ ಇಂಜೆಕ್ಷನ್‌ಗೆ 4,200 ಹೋಯಿತು. ಅಷ್ಟರಲ್ಲಿ ಅವನಿಗೆ ಜ್ವರ, ಆಪರೇಷನ್ ಮುಂದಕ್ಕೆ ಹೋಯಿತು. ಚೀಲದ ಆಯಸ್ಸು 35 ದಿನ. ಮುಗಿಯಿತು, ಎಸೆದರು. ನಾನು ಬ್ಯಾಂಕಿನ ಬಾಗಿಲಲ್ಲಿ ನಿಂತು ಅತ್ತಿದ್ದೆ. ಎರಡನೇ ಸಲ ಸೆಲ್ ಸೇವರ್ ಇಲ್ಲದೆ ಮಾಡಲ್ಲ ಅಂತ ಅನಸ್ತೇಷಿಯಾ ಡಾಕ್ಟರೇ ಹಟ ಹಿಡಿದರು, ಸುಮಾರು 600 ಮಿಲಿ ವಾಪಸ್ ಹೋಯಿತು. 19,500 ಅಂತೆ! ನಾನಾದರೆ ತಾಳಿ ಅಡ ಇಟ್ಟಾದರೂ ಕೊಡುತ್ತಿದ್ದೆ.

ಓಟಿ ಮೂಲೆ: ಈ ಮೆಷಿನ್ ಓಡಿಸಿಯೇ ಹೊಟ್ಟೆ ಹೊರೆಯುವವನು ನಾನು. ಹೀರಿದ್ದೆಲ್ಲ ವಾಪಸ್ ಬರಲ್ಲ. ಹೆಪ್ಪುಗಟ್ಟದಂತೆ ಹೆಪಾರಿನ್ ಔಷಧ ಬೆರೆಸಿ ಹೀರುತ್ತೇವೆ, ಬೌಲ್ ಗಿರ್ರೆಂದು ತಿರುಗುತ್ತದೆ, ಸಲೈನ್‌ನಲ್ಲಿ ತೊಳೆದರೆ ಉಳಿಯುವುದು ಕೆಂಪು ಕಣ ಮಾತ್ರ. ಪ್ಲಾಸ್ಮಾ, ಪ್ಲೇಟ್‌ಲೆಟ್ ಎಲ್ಲ ಕಸದ ಚೀಲಕ್ಕೆ. ಬೆನ್ನುಮೂಳೆ ಅವರಿಗೆ ಮೋಸ ಆಗಿದ್ದು ಮೆಷಿನ್‌ನಿಂದಲ್ಲ, ಕಿಟ್ ಪೂರ್ತಿ ಬಿಚ್ಚಿದ್ದರಿಂದ. ಮೊದಲು ಹೀರುವ ಪೈಪು ಮತ್ತು ಡಬ್ಬಿ ಮಾತ್ರ ಬಿಚ್ಚಬೇಕು. ಸಾಕಷ್ಟು ರಕ್ತ ಸೇರಿತು ಅನಿಸಿದರೆ ಮಾತ್ರ ಬೌಲ್ ಸೆಟ್. ಡಬ್ಬಿ ಅಗ್ಗ, ದುಬಾರಿ ಇರುವುದು ಬೌಲ್ ಸೆಟ್. ಕೀಲು ಕೂರಿಸಲು ಮೂಳೆಗೆ ಸಿಮೆಂಟ್ ಹಾಕುವಾಗ ಇದರಲ್ಲಿ ಹೀರುವಂತಿಲ್ಲ, ಬೇರೆ ಸಕ್ಷನ್ ಬೇಕು. ಕುವೆಂಪುನಗರದವರೇ, ಕೀಲು ಸಡಿಲಾಗಿದ್ದು ಸವೆತದಿಂದಲೋ ಸೋಂಕಿನಿಂದಲೋ? ಕೀವು ಇದ್ದರೆ ಈ ಮಾತೇ ಬೇಡ.

ಬೆನ್ನುಮೂಳೆ: ಮೋಸ ಅಂತ ಒಪ್ಪಿದಿರಲ್ಲ, ಸಾಕು. ಎರಡು ಭಾಗ ಇದೆ ಅಂತ ನಮಗೆ ಯಾರೂ ಹೇಳಲಿಲ್ಲ.

ಓಟಿ ಮೂಲೆ: ಎಲ್ಲ ಆಸ್ಪತ್ರೆಯೂ ಹಾಗಲ್ಲ ರೀ.

ಬೆಣ್ಣೆದೋಸೆ: ಬ್ಯಾಂಕಿನ ಚೀಲ 1,550 ಅಂದ್ರಲ್ಲ, ಬದಲಿ ಡೋನರ್ ಕರೆದುಕೊಂಡು ಬನ್ನಿ ಅಂತ ಓಡಿಸಲಿಲ್ವಾ? ನನ್ನ ಭಾವನ ಗೆಳೆಯರು ಹಾವೇರಿಯಿಂದ ಬಂದಿದ್ದರು, ಬಸ್ ಚಾರ್ಜು, ಊಟ, ಲಾಡ್ಜು ಯಾರು ಲೆಕ್ಕ ಹಿಡಿತಾರೆ?

ಕರಾವಳಿ ಅಕ್ಕ: ಹೆಸರು ಬರೆಸಿಕೊಂಡು ಬೇಕೆಂದಾಗ ಬಂದು ರಕ್ತ ಕೊಡುವವರನ್ನು ಲಾಡ್ಜಿನ ಲೆಕ್ಕದಲ್ಲಿ ತೂಗಬೇಡಿ. ಅಣ್ಣನಿಗಾಗಿ ಒಬ್ಬರು ರಾತ್ರಿ ಬಸ್ಸಿನಲ್ಲಿ ಬಂದು ಟೀ ಕೂಡ ಕುಡಿಯದೆ ಹೋದರು.

ಬೆಣ್ಣೆದೋಸೆ: ನಾನು ಕೊಟ್ಟವರಿಗೆ ಬೈದೆನಾ ಮೇಡಂ? ಕೇಳಿದ ಆಸ್ಪತ್ರೆಗೆ ಬೈದೆ. ಸರಿಯಾಗಿ ಓದಿ.

ಕುವೆಂಪುನಗರದವಳು: ಸೋಂಕಿನ ರಿಪೋರ್ಟ್ ಇನ್ನೂ ಬಂದಿಲ್ಲ, ಕೀಲಿನ ನೀರು ತೆಗೆದು ಕಳಿಸಿದ್ದಾರೆ. ಡಬ್ಬಿ ಬೇರೆ, ಬೌಲ್ ಬೇರೆ ಬಿಲ್ ಮಾಡ್ತೀರಾ ಅಂತ ಕೇಳಿದರೆ ಕೌಂಟರಿನವರು ಪ್ಯಾಕೇಜ್ ಅಂತಾರೆ. ಓಟಿ ಮೂಲೆ ಸರ್, ಇದನ್ನು ಯಾರ ಹತ್ತಿರ ಕೇಳಬೇಕು?

ಓಟಿ ಮೂಲೆ: ಕೌಂಟರ್ ಬಿಡಿ. ಆಪರೇಷನ್‌ಗೆ ಮೊದಲು ಅನಸ್ತೇಷಿಯಾದವರು ನೋಡಲು ಬರುತ್ತಾರೆ, ಅವರನ್ನೇ ಕೇಳಿ. ಟ್ರಾನೆಕ್ಸಾಮಿಕ್ ಆಸಿಡ್ ಕೊಡ್ತೀರಾ ಅಂತಲೂ ಕೇಳಿ, ಅಗ್ಗದ ಇಂಜೆಕ್ಷನ್, ರಕ್ತ ಹೋಗುವುದೇ ಕಮ್ಮಿ ಆಗುತ್ತದೆ. 10.8 ಇಟ್ಟುಕೊಂಡು ಟೇಬಲ್ ಹತ್ತಿಸಬೇಡಿ, ಐರನ್ ವಿಷಯ ಈಗಲೇ ಎತ್ತಿ.

ಬೆನ್ನುಮೂಳೆ: ಆ ಅಗ್ಗದ ಇಂಜೆಕ್ಷನ್‌ಗೂ ನಮಗೆ 1,180 ಹಾಕಿದ್ದರು. ಬಿಲ್ ಇನ್ನೂ ಇದೆ, ಬೇಕಾದರೆ ಹಾಕುತ್ತೇನೆ.